ಮಕ್ಕಳೊಂದಿಗೆ ನದಿ ದಂಡೆಯಲ್ಲಿ ಕ್ಯಾಂಪಿಂಗ್: ಟೆಂಟ್ ಬುಕ್ ಮಾಡುವ ಮುನ್ನ ನೀರಿನ ಬಗ್ಗೆ ಕೇಳಬೇಕಾದ ಪ್ರಶ್ನೆಗಳಿವು

ದಸರಾ, ದೀಪಾವಳಿ, ಕ್ರಿಸ್‌ಮಸ್ ರಜೆ ಹತ್ತಿರವಾದಂತೆ ಮುಂಬೈ, ಪುಣೆ, ಚೆನ್ನೈ, ಹೈದರಾಬಾದ್‌ಗಳಲ್ಲಿರುವ ಕನ್ನಡಿಗರ ಮನೆಗಳಲ್ಲಿ ಊರಿಗೆ ಹೋಗುವ ಮಾತು ಶುರುವಾಗುತ್ತದೆ. ಈಗ ಅದರ ಜೊತೆಗೆ ಇನ್ನೊಂದು ಬೇಡಿಕೆಯೂ ಸೇರಿಕೊಂಡಿದೆ. ಎರಡು ದಿನ ಎಲ್ಲಾದರೂ ನೀರಿನ ಪಕ್ಕ ಟೆಂಟ್ ಹಾಕಿಕೊಂಡು ಇರೋಣ ಎಂಬುದು. ಮಕ್ಕಳಿಗೆ ಕಯಾಕ್ ಬೇಕು, ಅಪ್ಪನಿಗೆ ಗಾಳ ಹಾಕಿ ಕೂರುವ ಆಸೆ, ಅಜ್ಜಿಗೆ ಶೌಚಾಲಯ ಸ್ವಚ್ಛವಾಗಿದ್ದರೆ ಸಾಕು.

ಬುಕಿಂಗ್ ಆ್ಯಪ್ ತೆರೆದರೆ ಸಾಲು ಸಾಲು ಟೆಂಟ್, ಬೆಂಕಿ, ಬಾರ್ಬೆಕ್ಯೂ ಫೋಟೊಗಳು ಕಾಣಿಸುತ್ತವೆ. ಪಕ್ಕದಲ್ಲಿರುವ ನೀರಿನ ಬಗ್ಗೆ ಮಾತ್ರ ‘ಲೇಕ್ ವ್ಯೂ’ ಎಂಬುದಕ್ಕಿಂತ ಹೆಚ್ಚಿನ ವಿವರ ಸಿಗುವುದು ಕಡಿಮೆ. ಕುಟುಂಬ ಸಮೇತ ಹೋಗುವವರು ಮೊದಲು ತಿಳಿಯಬೇಕಾದದ್ದು ಆ ನೀರಿನ ವಿಷಯವನ್ನೇ. ನೀರಿನ ಮಟ್ಟ ಯಾರ ಕೈಯಲ್ಲಿದೆ? ದೋಣಿಯ ಜವಾಬ್ದಾರಿ ಯಾರದ್ದು? ಮೀನು ಹಿಡಿಯಲು ಅಲ್ಲಿ ಅವಕಾಶ ಇದೆಯೇ? ಈ ಮೂರಕ್ಕೆ ಉತ್ತರ ಸಿಕ್ಕರೆ ಕ್ಯಾಂಪ್ ಆಯ್ಕೆ ಬಹುಪಾಲು ಮುಗಿದಂತೆ.

ಮಳೆ ಇಲ್ಲದಿದ್ದರೂ ನದಿ ಏರಬಹುದು

2014ರ ಜೂನ್ 8ರಂದು ಹಿಮಾಚಲ ಪ್ರದೇಶದ ಮಂಡಿ ಜಿಲ್ಲೆಯಲ್ಲಿ ಬಿಯಾಸ್ ನದಿಯ ಬಂಡೆಗಳ ಮೇಲೆ ನಿಂತು ಫೋಟೊ ತೆಗೆದುಕೊಳ್ಳುತ್ತಿದ್ದ ಹೈದರಾಬಾದ್‌ನ ಎಂಜಿನಿಯರಿಂಗ್ ವಿದ್ಯಾರ್ಥಿಗಳು ನೋಡನೋಡುತ್ತಿದ್ದಂತೆ ಕೊಚ್ಚಿಹೋದರು. 24 ವಿದ್ಯಾರ್ಥಿಗಳು ಮತ್ತು ಪ್ರವಾಸದ ಉಸ್ತುವಾರಿಯೊಬ್ಬರು ಪ್ರಾಣ ಕಳೆದುಕೊಂಡರು. ಮೇಲ್ಭಾಗದ ಲಾರ್ಜಿ ಜಲವಿದ್ಯುತ್ ಯೋಜನೆಯ ಅಣೆಕಟ್ಟೆಯಿಂದ ನೀರು ಬಿಡಲಾಗಿತ್ತು. ಅವರು ನಿಂತಿದ್ದ ಜಾಗದಲ್ಲಿ ಸ್ವಲ್ಪ ಹೊತ್ತಿನ ಮುಂಚೆ ನೀರು ಬಹಳ ಕಡಿಮೆ ಇತ್ತು.

ಕರ್ನಾಟಕದ ಜನಪ್ರಿಯ ನದಿ ಕ್ಯಾಂಪ್‌ಗಳೂ ಬಹುತೇಕ ಅಣೆಕಟ್ಟೆಯ ಕೆಳಗೋ ಹಿನ್ನೀರಿನ ದಂಡೆಯಲ್ಲೋ ಇವೆ. ದಾಂಡೇಲಿ, ಗಣೇಶಗುಡಿ ಭಾಗದ ಕಾಳಿ ನದಿಯ ಹರಿವು ಸೂಪಾ ಅಣೆಕಟ್ಟೆಯಿಂದ ವಿದ್ಯುತ್ ಉತ್ಪಾದನೆಗೆ ಬಿಡುವ ನೀರನ್ನು ಅವಲಂಬಿಸಿದೆ. ಅಲ್ಲಿ ರಾಫ್ಟಿಂಗ್ ನಡೆಯುವುದೂ ಅದೇ ನೀರಿನಿಂದ. ಮಂಡ್ಯ ಜಿಲ್ಲೆಯ ಭೀಮೇಶ್ವರಿ, ಮುತ್ತತ್ತಿ ಮುಂದೆ ಹರಿಯುವ ಕಾವೇರಿಗೆ ಮೇಲಿನ ಕೆಆರ್‌ಎಸ್, ಕಬಿನಿ ಜಲಾಶಯಗಳ ಹೊರಹರಿವು ಬರುತ್ತದೆ. ತಮಿಳುನಾಡಿನ ಪಾಲಿನ ನೀರು ಬಿಳಿಗುಂಡ್ಲು ಮಾಪನ ಕೇಂದ್ರ ತಲುಪುವುದು ಇದೇ ಕಣಿವೆಯ ಮೂಲಕ. 2018ರಲ್ಲಿ ಸುಪ್ರೀಂ ಕೋರ್ಟ್ ನಿಗದಿ ಮಾಡಿದ 177.25 ಟಿಎಂಸಿ ಲೆಕ್ಕವಾಗುವುದು ಬಿಳಿಗುಂಡ್ಲುವಿನಲ್ಲಿಯೇ. ಆದ್ದರಿಂದ ಕೆಆರ್‌ಎಸ್‌ನಿಂದ ಎಷ್ಟು ಕ್ಯೂಸೆಕ್ ಬಿಟ್ಟರು ಎಂಬ ಸುದ್ದಿ ರೈತರಿಗಷ್ಟೇ ಅಲ್ಲ, ಕಾವೇರಿ ದಂಡೆಯಲ್ಲಿ ಮಲಗಲು ಹೊರಟ ಕುಟುಂಬಕ್ಕೂ ಸಂಬಂಧಿಸಿದ್ದು.

ಅಲ್ಲಿಂದ ಇನ್ನೂ ಕೆಳಗೆ, ಚೆನ್ನೈ ಮತ್ತು ಬೆಂಗಳೂರಿನವರು ಹೆಚ್ಚಾಗಿ ಹೋಗುವ ಹೊಗೇನಕಲ್‌ನಲ್ಲಿ ಒಳಹರಿವು ಜಾಸ್ತಿಯಾದಾಗ ಜಿಲ್ಲಾಡಳಿತ ತೆಪ್ಪ ವಿಹಾರವನ್ನು ನಿಲ್ಲಿಸುತ್ತದೆ. ಹೊರಡುವ ಹಿಂದಿನ ದಿನ ಅಲ್ಲಿ ತೆಪ್ಪ ನಡೆಯುತ್ತಿದೆಯೇ ಎಂದು ವಿಚಾರಿಸಿಕೊಂಡರೆ ಕಾವೇರಿಯ ಆಗಿನ ಸ್ಥಿತಿಯೂ ತಿಳಿಯುತ್ತದೆ.

ಸ್ಥಳಕ್ಕೆ ಹೋದ ಮೇಲೆ ದಂಡೆಯನ್ನೊಮ್ಮೆ ಗಮನಿಸಿ. ಬಂಡೆಗಳ ಮೇಲೆ ನೀರಿನ ಕಲೆ ಎಲ್ಲಿಯವರೆಗೆ ಇದೆ, ಪೊದೆಗಳಲ್ಲಿ ಕಸ ಕಡ್ಡಿ, ಪ್ಲಾಸ್ಟಿಕ್ ಎಷ್ಟು ಎತ್ತರದಲ್ಲಿ ಸಿಕ್ಕಿಕೊಂಡಿದೆ ನೋಡಿ. ನೀರು ಅಷ್ಟರ ಮಟ್ಟಿಗೆ ಬಂದು ಹೋಗಿದೆ ಎಂದರ್ಥ. ಟೆಂಟ್ ಅದಕ್ಕಿಂತ ಮೇಲೆ ಇರಬೇಕು. ಮರಳು ದಿಬ್ಬ, ನಡುಗಡ್ಡೆಗಳ ಮೇಲೆ ಟೆಂಟ್ ಹಾಕಿಕೊಡುತ್ತೇವೆ ಎಂದರೆ ಮಕ್ಕಳಿರುವವರು ಬೇಡ ಎನ್ನುವುದೇ ಒಳ್ಳೆಯದು.

ನದಿ, ಹಿನ್ನೀರು, ಜಲಾಶಯ: ಯಾರಿಗೆ ಯಾವುದು?

ಮಲಗಲು, ಹುಟ್ಟು ಹಾಕಲು, ಗಾಳ ಹಾಕಲು ಮೂರಕ್ಕೂ ಒಂದೇ ಜಾಗ ಚೆನ್ನಾಗಿರುವುದು ಅಪರೂಪ. ಮನೆಯವರಿಗೆ ಮುಖ್ಯವಾಗಿ ಏನು ಬೇಕು ಎಂದು ಮೊದಲೇ ಮಾತಾಡಿಕೊಂಡರೆ ಜಾಗ ಹುಡುಕುವುದು ಸುಲಭ.

ಮೊದಲ ಬಾರಿ ಕಯಾಕ್ ಹಿಡಿಯುವ ಮಕ್ಕಳಿಗೆ ಹಿನ್ನೀರು ಹೊಂದುತ್ತದೆ. ಶಿವಮೊಗ್ಗ ಜಿಲ್ಲೆಯ ಸಾಗರ ತಾಲ್ಲೂಕಿನ ಹೊನ್ನೇಮರಡು ಇದಕ್ಕೆ ಒಳ್ಳೆಯ ಉದಾಹರಣೆ. ಶರಾವತಿಗೆ ಕಟ್ಟಿದ ಲಿಂಗನಮಕ್ಕಿ ಅಣೆಕಟ್ಟೆಯ ಹಿನ್ನೀರಿನ ದಂಡೆಯ ಹಳ್ಳಿ ಅದು. ತಾಳಗುಪ್ಪದವರೆಗೆ ರೈಲು ಇರುವುದರಿಂದ ಕಾರಿಲ್ಲದೆಯೂ ಹತ್ತಿರಕ್ಕೆ ತಲುಪಬಹುದು. ಸೆಳೆತ ಇಲ್ಲದ ನೀರಿನಲ್ಲಿ ಹುಟ್ಟು ಹಾಕುವುದನ್ನು ನಿಧಾನವಾಗಿ ಕಲಿಯಬಹುದು. ಆದರೆ ವಿಶಾಲವಾದ ಹಿನ್ನೀರಿನಲ್ಲಿ ಮಧ್ಯಾಹ್ನದ ನಂತರ ಗಾಳಿ ಎದ್ದರೆ ಹಗುರವಾದ ಕಯಾಕ್ ದಡದಿಂದ ದೂರ ಸರಿಯುತ್ತದೆ, ವಾಪಸ್ ಬರಲು ಮಕ್ಕಳ ತೋಳಿನ ಬಲ ಸಾಲದು. ಹಾಗಾಗಿ ಬೆಳಗಿನ ಹೊತ್ತೇ ಉತ್ತಮ.

ಹಿನ್ನೀರು ವರ್ಷವಿಡೀ ಒಂದೇ ರೀತಿ ಇರುವುದಿಲ್ಲ ಎಂಬುದನ್ನೂ ನೆನಪಿಡಬೇಕು. ಮಳೆಗಾಲ ಮುಗಿದಾಗ ತುಂಬಿರುವ ಲಿಂಗನಮಕ್ಕಿ, ವಿದ್ಯುತ್ ಉತ್ಪಾದನೆಗೆ ನೀರು ಹೋಗುತ್ತಾ ಬೇಸಿಗೆಯಲ್ಲಿ ಬಹಳ ಇಳಿಯುತ್ತದೆ. ಮುಳುಗಿದ್ದ ಹಳೆಯ ಹಿರೇಭಾಸ್ಕರ ಅಣೆಕಟ್ಟೆ ಆಗ ಮೇಲೆ ಕಾಣುತ್ತದೆ. ನೀರು ಇಳಿದ ಜಾಗದಲ್ಲಿ ಕೆಸರು, ಮುಳುಗಿದ ಮರಗಳ ಬೊಡ್ಡೆಗಳಿರುತ್ತವೆ. ಅಕ್ಟೋಬರ್‌ನ ಫೋಟೊ ನೋಡಿ ಏಪ್ರಿಲ್‌ಗೆ ಬುಕ್ ಮಾಡಿದರೆ ನಿರಾಸೆ ಖಚಿತ.

ಮುಂಬೈ, ಪುಣೆಯವರಿಗೆ ಒಂದೇ ರಾತ್ರಿಗೆ ಸಿಗುವುದು ಮಾವಳ ತಾಲ್ಲೂಕಿನ ಪವನಾ ಜಲಾಶಯ. ಸುತ್ತ ಲೋಹಗಡ, ತಿಕೋನಾ, ತುಂಗ ಕೋಟೆಗಳಿರುವುದರಿಂದ ಬೆಳಗ್ಗೆ ಚಾರಣವನ್ನೂ ಸೇರಿಸಿಕೊಳ್ಳಬಹುದು. ಇದು ಪಿಂಪ್ರಿ-ಚಿಂಚವಾಡಕ್ಕೆ ಕುಡಿಯುವ ನೀರು ಕೊಡುವ ಜಲಾಶಯ. ಈಜುಕೊಳದಂತೆ ಮೆಟ್ಟಿಲು ಮೆಟ್ಟಿಲಾಗಿ ಆಳವಾಗುವುದಿಲ್ಲ, ನಾಲ್ಕು ಹೆಜ್ಜೆ ಇಟ್ಟ ಮೇಲೆ ನೆಲವೇ ಸಿಗದಿರಬಹುದು. ಈಜಲು ಹೋಗಿ ಮುಳುಗಿದ ಪ್ರಕರಣಗಳು ಇಲ್ಲಿ ಆಗಿವೆ. ಶನಿವಾರ ರಾತ್ರಿ ಜೋರು ಸಂಗೀತ ಇರುವ ಕ್ಯಾಂಪ್‌ಗಳೂ ಇಲ್ಲಿ ಸಾಕಷ್ಟಿವೆ. ಚಿಕ್ಕ ಮಕ್ಕಳಿದ್ದರೆ ‘ಫ್ಯಾಮಿಲಿ ಓನ್ಲಿ’ ಕ್ಯಾಂಪ್ ಕೇಳಿ, ಸಾಧ್ಯವಾದರೆ ವಾರದ ಮಧ್ಯೆ ಹೋಗಿ.

ಅಜ್ಜ ಅಜ್ಜಿಯರೂ ಜೊತೆಗಿದ್ದರೆ ಭೀಮೇಶ್ವರಿಯಂಥ ಜಾಗ ಅನುಕೂಲ. ಬೆಂಗಳೂರಿನಿಂದ ಸುಮಾರು 100 ಕಿ.ಮೀ. ದೂರ. ಸರ್ಕಾರಿ ಸ್ವಾಮ್ಯದ ಜಂಗಲ್ ಲಾಡ್ಜಸ್ ಅಂಡ್ ರೆಸಾರ್ಟ್ಸ್ ಇಲ್ಲಿ ಶಿಬಿರ ನಡೆಸುತ್ತದೆ. ನಿಂತು ಹುಟ್ಟು ಹಾಕುವ ಕಷ್ಟವಿಲ್ಲದೆ ಅನುಭವಿ ಅಂಬಿಗರೊಂದಿಗೆ ತೆಪ್ಪದಲ್ಲಿ ಕುಳಿತು ಹೋಗಬಹುದು. ಆದರೆ ಕಾವೇರಿಯ ಈ ಭಾಗದಲ್ಲಿ ಸುಳಿಗಳಿವೆ, ಮೊಸಳೆಗಳೂ ಇವೆ. ಮುತ್ತತ್ತಿ, ಸಂಗಮದಲ್ಲಿ ಸ್ನಾನಕ್ಕೆ ಇಳಿದು ಮುಳುಗಿದ ಸುದ್ದಿಗಳು ಆಗಾಗ ಬರುತ್ತಲೇ ಇರುತ್ತವೆ. ದಾಂಡೇಲಿಯ ಕಾಳಿಯಲ್ಲೂ ಮೊಸಳೆಗಳಿವೆ. ಎಲ್ಲರೂ ಇಳಿಯುತ್ತಿದ್ದಾರೆ ಎಂಬ ಕಾರಣಕ್ಕೆ ನೀರಿಗಿಳಿಯಬೇಡಿ.

ದೋಣಿ ಹತ್ತುವ ಮುನ್ನ ಜಾಕೆಟ್ ಪರೀಕ್ಷಿಸಿ

2024ರ ಜನವರಿ 18ರಂದು ಗುಜರಾತ್‌ನ ವಡೋದರದ ಹರಣಿ ಕೆರೆಯಲ್ಲಿ ಶಾಲಾ ಪ್ರವಾಸದ ದೋಣಿ ಮಗುಚಿ 12 ಮಕ್ಕಳು, ಇಬ್ಬರು ಶಿಕ್ಷಕಿಯರು ಮೃತಪಟ್ಟರು. ಅದು ಉಕ್ಕಿ ಹರಿಯುವ ನದಿಯಾಗಿರಲಿಲ್ಲ, ನಗರದೊಳಗಿನ ಕೆರೆ. ದೋಣಿಯ ಸಾಮರ್ಥ್ಯಕ್ಕಿಂತ ಹೆಚ್ಚು ಜನರಿದ್ದರು, ಹಲವು ಮಕ್ಕಳಿಗೆ ಲೈಫ್ ಜಾಕೆಟ್ ಇರಲಿಲ್ಲ.

ಜಾಕೆಟ್ ಇದ್ದರಷ್ಟೇ ಸಾಲದು, ಮಗುವಿನ ಅಳತೆಯದ್ದೇ ಆಗಿರಬೇಕು. ಇದನ್ನು ತಿಳಿಯಲು ಸುಲಭವಾದ ಪರೀಕ್ಷೆಯೊಂದಿದೆ. ಜಾಕೆಟ್ ತೊಡಿಸಿ, ಎಲ್ಲ ಬಕಲ್ ಹಾಕಿ, ಮಗುವಿನ ಭುಜದ ಬಳಿ ಜಾಕೆಟ್ ಹಿಡಿದು ಮೇಲಕ್ಕೆತ್ತಿ. ಅದು ಗಲ್ಲ, ಕಿವಿಯವರೆಗೆ ಜಾರಿ ಬಂದರೆ ನೀರಿನಲ್ಲೂ ಹಾಗೆಯೇ ಆಗುತ್ತದೆ. ಚಿಕ್ಕ ಮಕ್ಕಳ ಜಾಕೆಟ್‌ಗೆ ಕಾಲುಗಳ ನಡುವೆ ಹಾದುಹೋಗುವ ಪಟ್ಟಿ ಇರಬೇಕು. ಗಾಳಿ ತುಂಬುವ ಈಜು ಟ್ಯೂಬ್, ತೋಳಿಗೆ ಹಾಕುವ ಬಲೂನುಗಳು ಆಟಿಕೆಗಳಷ್ಟೇ, ಜಾಕೆಟ್‌ಗೆ ಬದಲಿ ಆಗಲಾರವು. ಮಕ್ಕಳ ಅಳತೆಯ ಜಾಕೆಟ್ ಇಲ್ಲದ ಕ್ಯಾಂಪ್‌ನಲ್ಲಿ ದೋಣಿ ವಿಹಾರ ಬಿಟ್ಟುಬಿಡಿ.

ತೆಪ್ಪ ಬಿದಿರಿನ ಹೆಣಿಗೆಗೆ ಹಾಳೆ ಹೊದಿಸಿ ಟಾರು ಬಳಿದು ಮಾಡುವ ದುಂಡನೆಯ ಬುಟ್ಟಿ. ಎಲ್ಲರೂ ತಳದಲ್ಲಿ ಸಮನಾಗಿ ಕುಳಿತಿದ್ದರೆ ಸ್ಥಿರವಾಗಿರುತ್ತದೆ. ಸೆಲ್ಫಿಗಾಗಿ ಎಲ್ಲರೂ ಒಂದೇ ಬದಿಗೆ ವಾಲಿದರೆ ಅಪಾಯ. ನದಿಯ ನಡುವೆ ಗಿರಗಿರನೆ ತಿರುಗಿಸಿ ಎಂದು ಅಂಬಿಗರನ್ನು ಒತ್ತಾಯಿಸಬೇಡಿ.

ಗಾಳ ಹಾಕಲು ಎಲ್ಲ ಕಡೆ ಅವಕಾಶವಿಲ್ಲ

ಕುಟುಂಬಗಳು ಹೆಚ್ಚು ತಪ್ಪು ಮಾಡುವುದು ಇಲ್ಲಿ. ಭೀಮೇಶ್ವರಿ, ದೊಡ್ಡಮಾಕಳಿ, ಗಾಳಿಬೋರೆ ಒಂದು ಕಾಲದಲ್ಲಿ ಪ್ರಪಂಚದ ಗಾಳಗಾರರು ಮಹಶೀರ್ ಮೀನಿಗಾಗಿ ಹುಡುಕಿಕೊಂಡು ಬರುತ್ತಿದ್ದ ಜಾಗಗಳು. ಕಾವೇರಿ ಕೊಳ್ಳದ ಮಹಶೀರ್ ಅಷ್ಟು ದೊಡ್ಡದಾಗಿ ಬೆಳೆಯುತ್ತದೆ. 1946ರಲ್ಲಿ ಮೈಸೂರಿನ ವ್ಯಾನ್ ಇಂಗನ್ ಕುಟುಂಬದವರೊಬ್ಬರು ಕಬಿನಿಯಲ್ಲಿ ಹಿಡಿದ ಮೀನು 120 ಪೌಂಡ್, ಅಂದರೆ ಸುಮಾರು 54 ಕೆ.ಜಿ. ತೂಗಿತ್ತು.

ಈಗ ಆ ಶಿಬಿರಗಳ ಹಳೆಯ ಫೋಟೊ ನೋಡಿ ಗಾಳ ಹಿಡಿದು ಹೊರಟರೆ ತೊಂದರೆಗೆ ಸಿಲುಕಬಹುದು. ಈ ಭಾಗ ಕಾವೇರಿ ವನ್ಯಜೀವಿ ಅಭಯಾರಣ್ಯದೊಳಗಿದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಅಭಯಾರಣ್ಯದಲ್ಲಿ ಅನುಮತಿಯಿಲ್ಲದೆ ಯಾವ ಜೀವಿಯನ್ನೂ ಹಿಡಿಯುವಂತಿಲ್ಲ. ಹಿಡಿದು ಮರಳಿ ನೀರಿಗೆ ಬಿಡುವ ಆಟವೂ ಈ ಕಾರಣದಿಂದಲೇ ಇಲ್ಲಿ ನಿಂತಿತು. ಕಾವೇರಿಯ ಗೂನುಬೆನ್ನಿನ ಮಹಶೀರ್‌ನ ವೈಜ್ಞಾನಿಕ ಹೆಸರು ಟಾರ್ ರೆಮದೇವಿ ಎಂದು ಖಚಿತವಾದದ್ದು 2018ರಲ್ಲಿ. ಅದೇ ವರ್ಷ ಐಯುಸಿಎನ್ ಕೆಂಪು ಪಟ್ಟಿಯಲ್ಲಿ ಅದು ಅಳಿವಿನ ತೀವ್ರ ಅಪಾಯದಲ್ಲಿರುವ ಪ್ರಭೇದಗಳ ಸಾಲಿಗೆ ಸೇರಿತು. ಪ್ರಪಂಚದಲ್ಲಿ ಬೇರೆಲ್ಲೂ ಇಲ್ಲದ ಮೀನು ಅದು.

ಕಾಳಿ ಹುಲಿ ಸಂರಕ್ಷಿತ ಪ್ರದೇಶದ ಒಳಗೂ ಇದೇ ಕಾನೂನು ಅನ್ವಯಿಸುತ್ತದೆ. ಹಂಪಿ ಸುತ್ತಮುತ್ತ ತುಂಗಭದ್ರಾ ನದಿಯ 34 ಕಿ.ಮೀ. ಭಾಗವನ್ನು 2015ರಲ್ಲಿ ನೀರುನಾಯಿ ಸಂರಕ್ಷಣಾ ಮೀಸಲು ಪ್ರದೇಶವೆಂದು ಘೋಷಿಸಲಾಗಿದೆ. ಉಳಿದ ಜಲಾಶಯ, ಕೆರೆಗಳಲ್ಲಿ ಮೀನಿನ ಹಕ್ಕು ಮೀನುಗಾರಿಕೆ ಇಲಾಖೆ, ಗುತ್ತಿಗೆದಾರರು ಅಥವಾ ಸ್ಥಳೀಯ ಮೀನುಗಾರರ ಸಹಕಾರ ಸಂಘದ ಬಳಿ ಇರುತ್ತದೆ. ‘ಇಲ್ಲಿ ಯಾರೂ ಕೇಳುವುದಿಲ್ಲ’ ಎಂಬ ಕ್ಯಾಂಪ್ ಮಾಲೀಕರ ಮಾತನ್ನು ನಂಬದೆ, ಪರವಾನಗಿ ಯಾರ ಹೆಸರಿನಲ್ಲಿದೆ ಎಂದು ಕೇಳಿ. ಕೊಡಗಿನ ವಾಲ್ನೂರು ಭಾಗದ ಕಾವೇರಿಯಲ್ಲಿ ಕೂರ್ಗ್ ವೈಲ್ಡ್‌ಲೈಫ್ ಸೊಸೈಟಿಯ ಪರವಾನಗಿ ಪಡೆದು ಗಾಳ ಹಾಕುವ ಪದ್ಧತಿ ಬಹುಕಾಲದಿಂದ ಇದೆ. ಅಲ್ಲಿಗೆ ಹೋಗುವವರೂ ಆಯಾ ಹಂಗಾಮಿನ ನಿಯಮ ವಿಚಾರಿಸಿಕೊಳ್ಳಬೇಕು.

ಮಕ್ಕಳಿಗೆ ಮಹಶೀರ್ ತೋರಿಸುವುದಷ್ಟೇ ಆಸೆಯಾದರೆ ಶೃಂಗೇರಿಯ ತುಂಗಾ ತೀರ ಅಥವಾ ಬೆಳ್ತಂಗಡಿ ತಾಲ್ಲೂಕಿನ ಶಿಶಿಲದ ಕಪಿಲಾ ತೀರಕ್ಕೆ ಕರೆದುಕೊಂಡು ಹೋಗಿ. ದೇವರ ಮೀನೆಂದು ಅಲ್ಲಿ ಯಾರೂ ಹಿಡಿಯುವುದಿಲ್ಲ. ಮೆಟ್ಟಿಲ ಬಳಿಯೇ ಗುಂಪು ಗುಂಪಾಗಿ ಬರುತ್ತವೆ.

ಯಾವ ತಿಂಗಳು ಸೂಕ್ತ?

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಲೆನಾಡು, ಸಹ್ಯಾದ್ರಿ ಭಾಗದ ನದಿ ದಂಡೆಯ ಟೆಂಟ್ ಕುಟುಂಬಕ್ಕೆ ಬೇಡ. ನವೆಂಬರ್‌ನಿಂದ ಫೆಬ್ರವರಿವರೆಗೆ ನೀರೂ ಇರುತ್ತದೆ, ರಾತ್ರಿ ತಂಪಾಗಿಯೂ ಇರುತ್ತದೆ. ಹಿಂಗಾರು ಮಳೆ ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗೆ ಸುರಿಯುವುದರಿಂದ ತಮಿಳುನಾಡಿನ ಕಡೆ ಹೋಗುವವರಿಗೆ ಜನವರಿ, ಫೆಬ್ರವರಿ ಸುರಕ್ಷಿತ. ಏಪ್ರಿಲ್, ಮೇ ತಿಂಗಳಲ್ಲಿ ಸಂಜೆ ಗುಡುಗು ಸಿಡಿಲು ಸಾಮಾನ್ಯ. ಗುಡುಗಿನ ಸದ್ದು ಕೇಳಿದ ಕೂಡಲೇ ನೀರಿನಿಂದ ಹೊರಬಂದು, ಟೆಂಟ್ ಅಥವಾ ಒಂಟಿ ಮರದ ಕೆಳಗೆ ನಿಲ್ಲದೆ ಪಕ್ಕಾ ಕಟ್ಟಡ ಅಥವಾ ಕಾರಿನೊಳಗೆ ಸೇರಿಕೊಳ್ಳಿ.

ಚಳಿ ಎಂದು ಕೆಂಡ ತುಂಬಿದ ಬಾಣಲೆ, ಬಾರ್ಬೆಕ್ಯೂ ಒಲೆ, ಗ್ಯಾಸ್ ಸ್ಟೌ ಟೆಂಟ್‌ ಒಳಗೆ ಇಡಲೇಬಾರದು. ಅದರಿಂದ ಬರುವ ಕಾರ್ಬನ್ ಮೊನಾಕ್ಸೈಡ್‌ಗೆ ಬಣ್ಣವಿಲ್ಲ, ವಾಸನೆಯಿಲ್ಲ. ಮಲಗಿದವರು ಎಚ್ಚರವಾಗದೆಯೇ ಪ್ರಾಣ ಹೋಗಬಹುದು. ಆರಿದಂತೆ ಕಾಣುವ ಕೆಂಡಕ್ಕೂ ಇದು ಅನ್ವಯಿಸುತ್ತದೆ. ಬೆಚ್ಚಗಿರಲು ಕಂಬಳಿ, ಟೋಪಿ, ಕಾಲುಚೀಲ ಸಾಕು.

ಫೋನ್‌ನಲ್ಲಿ ಕೇಳಬೇಕಾದ 7 ಪ್ರಶ್ನೆಗಳು

1. ಮೇಲ್ಭಾಗದಲ್ಲಿ ಯಾವ ಅಣೆಕಟ್ಟೆ ಇದೆ? ನೀರು ಬಿಡುವಾಗ ನಿಮಗೆ ಯಾರು ತಿಳಿಸುತ್ತಾರೆ?

2. ಟೆಂಟ್ ನೀರಿನಿಂದ ಎಷ್ಟು ದೂರ, ಎಷ್ಟು ಎತ್ತರದಲ್ಲಿದೆ? ಇದೇ ವಾರದ ಫೋಟೊ ಕಳಿಸುತ್ತೀರಾ?

3. ಮಕ್ಕಳ ಅಳತೆಯ ಲೈಫ್ ಜಾಕೆಟ್ ಎಷ್ಟಿವೆ?

4. ಕಯಾಕ್ ಮಾಡುವಾಗ ಜೊತೆಗೆ ರಕ್ಷಣಾ ದೋಣಿ ಮತ್ತು ತರಬೇತಿ ಪಡೆದವರು ಇರುತ್ತಾರೆಯೇ?

5. ಈ ಜಾಗ ಅಭಯಾರಣ್ಯದೊಳಗಿದೆಯೇ? ಗಾಳ ಹಾಕಲು ಯಾರ ಪರವಾನಗಿ ಇದೆ?

6. ರಾತ್ರಿ ಮೊಬೈಲ್ ನೆಟ್‌ವರ್ಕ್ ಸಿಗುತ್ತದೆಯೇ? ಹತ್ತಿರದ ಆಸ್ಪತ್ರೆಗೆ ಎಷ್ಟು ಹೊತ್ತಿನ ದಾರಿ?

7. ನೀರು ಹೆಚ್ಚಾಗಿ ಬುಕಿಂಗ್ ರದ್ದಾದರೆ ಹಣ ವಾಪಸ್ ಕೊಡುತ್ತೀರಾ?

ಕೊನೆಯ ಪ್ರಶ್ನೆಯನ್ನು ತಪ್ಪದೆ ಕೇಳಿ. ಮುಂಗಡ ಕೊಟ್ಟ ಹಣ ಹೋಗುತ್ತದೆ ಎಂಬ ಕಾರಣಕ್ಕೆ ಉಕ್ಕುವ ನದಿಯ ಪಕ್ಕ ಟೆಂಟ್ ಹಾಕುವ ಕುಟುಂಬಗಳಿವೆ. ಉತ್ತರ ಕೊಡಲು ತಡಕಾಡುವ, ‘ಏನೂ ಆಗಲ್ಲ ಬನ್ನಿ’ ಎಂದಷ್ಟೇ ಹೇಳುವ ಕ್ಯಾಂಪ್ ಬಿಟ್ಟು ಬೇರೆಯದನ್ನು ಹುಡುಕಿ. ‘ಈ ವಾರ ನೀರು ಜಾಸ್ತಿ ಇದೆ, ಮುಂದಿನ ವಾರ ಬನ್ನಿ’ ಎನ್ನುವವರು ಸಿಕ್ಕರೆ ಅವರ ನಂಬರ್ ಸೇವ್ ಮಾಡಿಕೊಳ್ಳಿ. ಹೊರಡುವಾಗ ಕ್ಯಾಂಪ್‌ನ ಲೊಕೇಶನ್, ವಾಪಸಾಗುವ ಸಮಯವನ್ನು ಊರಿನಲ್ಲಿರುವ ಒಬ್ಬರಿಗೆ ತಿಳಿಸಿ. ತುರ್ತು ಸಂದರ್ಭದಲ್ಲಿ ಯಾವುದೇ ರಾಜ್ಯದಲ್ಲಿದ್ದರೂ 112ಕ್ಕೆ ಕರೆ ಮಾಡಬಹುದು.