ಕೋಟೆಗೆಷ್ಟು ಆಳು? ಹೊಲಕ್ಕೆಷ್ಟು ಆಳು?



ಊಟದ ಬಿಡುವಿನಲ್ಲಿ ಏಳನೇ ತರಗತಿಯವರು ಜಗಲಿ ಮೇಲೆ ಸೀಮೆಸುಣ್ಣದಲ್ಲಿ ಮನೆ ಬರೆದು, ಹುಣಸೆಬೀಜ ಹುರುಳಿಕಾಳು ಇಟ್ಟುಕೊಂಡು ಜಗಳ ಆಡುವುದನ್ನು ನೀವು ನೋಡಿದ್ದೀರಿ. ಅದು ಜಗಳ ಅಲ್ಲ, ಪಾಳೆಗಾರರ ಆಟ. "ಅದನ್ನು ಹೇಗೆ ಆಡೋದು?" ಅಂತ ತುಂಬಾ ಜನ ಕೇಳಿದರು. ಅದಕ್ಕೇ ಈ ಲೇಖನ ಬರೆದಿದ್ದೇನೆ.

ಆಟದ ನಿಯಮ

ಆಟಕ್ಕೆ ನಾಲ್ಕು ಪಕ್ಷ. ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣ. ಒಂದೊಂದು ಪಕ್ಷಕ್ಕೂ 20 ಹುಣಸೆಬೀಜ, ಅಂದರೆ 20 ಆಳು. ಕಣಜದಲ್ಲಿ 20 ಹುರುಳಿಕಾಳು. ಪ್ರತಿ ಸುತ್ತೂ ಒಂದು ವರ್ಷ ಅಂತ ಲೆಕ್ಕ.

1) ಬೀಜಗಳನ್ನು ಹೊಲದಲ್ಲಾದರೂ ಇಡಬಹುದು, ಕೋಟೆಯಲ್ಲಾದರೂ ಇಡಬಹುದು.
2) ಹೊಲದಲ್ಲಿರುವ ಒಂದು ಬೀಜ ವರ್ಷಕ್ಕೆ 2 ಕಾಳು ಬೆಳೆಯುತ್ತದೆ. ಕೋಟೆಯಲ್ಲಿರುವುದು ಏನೂ ಬೆಳೆಯುವುದಿಲ್ಲ.
3) ಎಲ್ಲಿದ್ದರೂ ಒಂದು ಬೀಜ ವರ್ಷಕ್ಕೆ 1 ಕಾಳು ತಿನ್ನುತ್ತದೆ.
4) ಬೇರೆಯವರ ಕೋಟೆ ಗೆಲ್ಲಲು, ಅದರೊಳಗೆ ಇರುವ ಬೀಜಕ್ಕೆ ಎರಡರಷ್ಟು ಬೀಜ ಬೇಕು.
5) ಗೆದ್ದರೂ ಸರಿ ಸೋತರೂ ಸರಿ, ಮುತ್ತಿಗೆ ಹಾಕಿದವರ 4 ಬೀಜ ಸತ್ತಂತೆ. ಅವು ಮತ್ತೆ ಬರುವುದಿಲ್ಲ.

ಮೊದಲ ಸಲ ಆಡುವವರು ಎಲ್ಲಾ ಬೀಜವನ್ನೂ ಕೋಟೆಗೆ ತುಂಬುತ್ತಾರೆ. ಸೈನ್ಯ ದೊಡ್ಡದಾದರೆ ಗೆಲುವು ಖಂಡಿತ ಅಂತ ಅವರ ಯೋಚನೆ. ಹೋದ ವಾರ ಹೊಳೆನರಸೀಪುರದ ಪಕ್ಷದವರು 15 ಬೀಜ ಕೋಟೆಗೆ ಹಾಕಿದರು. ಹೊಲದಲ್ಲಿ ಉಳಿದದ್ದು 5. ಬೆಳೆದದ್ದು 10 ಕಾಳು, ತಿಂದದ್ದು 20. ಕಣಜದಲ್ಲಿ 10 ಉಳಿಯಿತು. ಚನ್ನರಾಯಪಟ್ಟಣದ ಕೋಟೆಯಲ್ಲಿ 8 ಬೀಜ ಇದ್ದವು, ಗೆಲ್ಲಲು 16 ಬೇಕು. ಎರಡನೇ ವರ್ಷ ಇನ್ನೊಂದು ಬೀಜ ಕರೆದರು. ಹೊಲದ 4 ಬೀಜ 8 ಕಾಳು ಕೊಟ್ಟವು. ಕಣಜದ 10, ಬೆಳೆ 8, ಒಟ್ಟು 18. ತಿನ್ನಲು 20 ಬೇಕು! ಯುದ್ಧ ಆಗುವ ಮೊದಲೇ ಅವರ ಪಾಳೆಪಟ್ಟು ಉಪವಾಸ ಬಿತ್ತು.

ಅರಕಲಗೂಡಿನವರು ಮೂರು ವರ್ಷ 5 ಬೀಜ ಮಾತ್ರ ಕೋಟೆಯಲ್ಲಿಟ್ಟರು. ಹೊಲದ 15 ಬೀಜ 30 ಕಾಳು ಕೊಟ್ಟವು, ತಿಂದು 10 ಉಳಿಯಿತು. ಮೂರು ವರ್ಷಕ್ಕೆ ಕಣಜದಲ್ಲಿ 50 ಕಾಳು. ಈಗ ಅವರು 15 ಆಳನ್ನು ಕೋಟೆಗೆ ಕರೆದರೂ ಐದು ವರ್ಷ ತಡೆಯುತ್ತಾರೆ. ಯಾರ ಸೈನ್ಯ ದೊಡ್ಡದು ಅಂತ ಕಣಜ ನೋಡಿ ಹೇಳಬೇಕು, ಕೋಟೆ ನೋಡಿ ಅಲ್ಲ.

ಚರಿತ್ರೆಯಲ್ಲೂ ಹೀಗೇ ಇತ್ತೇ?

ಇತ್ತು. ನಮ್ಮ ಸಮಾಜ ಮೇಷ್ಟ್ರು ಹೇಳಿದ್ದನ್ನೂ ಪುಸ್ತಕದಲ್ಲಿ ಓದಿದ್ದನ್ನೂ ಸೇರಿಸಿ ಬರೆಯುತ್ತೇನೆ. ವಿಜಯನಗರದ ಅರಸರು ಎಲ್ಲಾ ಸೈನಿಕರಿಗೂ ತಾವೇ ಸಂಬಳ ಕೊಡುತ್ತಿರಲಿಲ್ಲ. ನಾಯಕರಿಗೆ ಸೀಮೆ ಬಿಟ್ಟುಕೊಟ್ಟು, "ಇಷ್ಟು ಕಾಲಾಳು, ಇಷ್ಟು ಕುದುರೆ ಇಟ್ಟಿರಬೇಕು" ಅಂತ ಕಟ್ಟು ಮಾಡುತ್ತಿದ್ದರು. ಯಾವ ನಾಯಕ ಎಷ್ಟು ಇಡಬೇಕು ಅಂತ ಪೋರ್ಚುಗಲ್ಲಿನ ನ್ಯೂನಿಜ್ ಎಂಬಾತ ಬರೆದಿಟ್ಟಿದ್ದಾನೆ. ವಿಜಯನಗರ ಬಿದ್ದ ಮೇಲೆ ನಮ್ಮ ಕಡೆಯ ನಾಯಕರು ತಮ್ಮ ತಮ್ಮಲ್ಲೇ ಕಾದಾಡಿದರು. 1600ರ ಸುಮಾರಿಗೆ ಹೊಳೆನರಸೀಪುರದ ಲಕ್ಷ್ಮಪ್ಪ ನಾಯಕ ಚನ್ನರಾಯಪಟ್ಟಣವನ್ನು ಗೆದ್ದುಕೊಂಡನು. ಆಮೇಲೆ ಮೈಸೂರು ಒಡೆಯರು ಈ ಪಾಳೆಪಟ್ಟುಗಳನ್ನು ಒಂದೊಂದಾಗಿ ಸೇರಿಸಿಕೊಂಡರು.

ಕೋಟೆ ಯಾಕೆ ಬೇಕು ಅಂದರೆ, ಕಡಿಮೆ ಆಳಿನಲ್ಲಿ ಜಾಸ್ತಿ ಜನರನ್ನು ತಡೆಯಬಹುದು. ಮರಾಠರ ದಾಳಿ ಹೆಚ್ಚಾದಾಗ ಹೈದರಾಲಿ ಚನ್ನರಾಯಪಟ್ಟಣದ ಕೋಟೆಗೆ ನೀರಿನ ಕಂದಕ ಮಾಡಿಸಿದನು. ಕಂದಕ ಅನ್ನ ಕೇಳುವುದಿಲ್ಲ! ಅದಕ್ಕೇ ನಮ್ಮ ನಾಲ್ಕನೇ ನಿಯಮ.

ಕಂದಾಚಾರದ ಆಳುಗಳು

ನನಗೆ ಬಹಳ ಇಷ್ಟವಾದದ್ದು ಮೈಸೂರಿನ ಕಂದಾಚಾರ. ಕಂದಾಚಾರದ ಆಳು ತನ್ನ ಊರಲ್ಲೇ ಇದ್ದು ಬೇಸಾಯ ಮಾಡುತ್ತಿದ್ದನು. ಕರೆ ಬಂದಾಗ ಕೋಟೆ ಕಾವಲಿಗೋ ಪೊಲೀಸು ಕೆಲಸಕ್ಕೋ ಹೋಗುತ್ತಿದ್ದನು. ಸಂಬಳ ಸ್ವಲ್ಪ ಹಣ, ಸ್ವಲ್ಪ ಜಮೀನು.

1799ರಲ್ಲಿ ಟಿಪ್ಪು ಸುಲ್ತಾನ್ ಮಡಿದ ಮೇಲೆ ಅವನ ದೊಡ್ಡ ಸೈನ್ಯ ಚದುರಿಹೋಯಿತು. ಕೆಲಸವಿಲ್ಲದ ಸಿಪಾಯಿಗಳು ಎಲ್ಲಿಗೆ ಹೋಗಬೇಕು? ಎಷ್ಟೋ ಜನ ಧೋಂಡಿಯ ವಾಘ್ ಎಂಬಾತನ ದಂಡಿಗೆ ಸೇರಿದರು. ಅವನನ್ನು ಸೋಲಿಸಲು 1800ರ ಸೆಪ್ಟೆಂಬರ್ ತನಕ ಹಿಡಿಯಿತು. ನಮ್ಮ ಸಕಲೇಶಪುರದ ಕಡೆ ಬಲಂ ಪಾಳೆಗಾರನೂ ತಿರುಗಿಬಿದ್ದನು. 1802ರಲ್ಲಿ ಅವನನ್ನೂ ಇಂಗ್ಲಿಷರು ಸೋಲಿಸಿದರು. ಆಗ ದಿವಾನರಾಗಿದ್ದ ಪೂರ್ಣಯ್ಯನವರು ಸುಮಾರು 20 ಸಾವಿರ ಜನರನ್ನು ಕಂದಾಚಾರದಲ್ಲಿ ಇಟ್ಟುಕೊಂಡರು. ಹೀಗೆ ಮಾಡಿದ್ದರಿಂದ ಆಳಿಗೆ ಅನ್ನ ಸಿಕ್ಕಿತು, ಕೋಟೆಗೆ ಕಾವಲು ಸಿಕ್ಕಿತು, ಹೊಲವೂ ಬೀಳು ಬೀಳಲಿಲ್ಲ. ಸೈನ್ಯಕ್ಕೆ ಕರೆಯುವುದು ಸುಲಭ, ಯುದ್ಧ ಮುಗಿದ ಮೇಲೆ ಮನೆಗೆ ಕಳಿಸುವುದು ಕಷ್ಟ ಅಂತ ಇದರಿಂದ ಗೊತ್ತಾಗುತ್ತದೆ.

ಕೊಯ್ಲಿನ ಕಾಲ

ಹಿಂದೆ ರಾಜರು ಮಳೆಗಾಲ ಮುಗಿದು ವಿಜಯದಶಮಿ ಆದ ಮೇಲೆ ದಂಡೆತ್ತಿ ಹೋಗುತ್ತಿದ್ದರು. ದಾರಿ ಒಣಗಿರುತ್ತದೆ, ಹೊಳೆ ಇಳಿದಿರುತ್ತದೆ. ಆದರೆ ನಮ್ಮ ಕಡೆ ರಾಗಿ ಕೊಯ್ಲು ಬರುವುದೂ ಆಗಲೇ, ದೀಪಾವಳಿ ಕಳೆದ ಮೇಲೆ. ದಂಡಿಗೆ ಹೋದವನ ಮನೆಯ ರಾಗಿಯನ್ನು ಯಾರು ಕೊಯ್ಯಬೇಕು? ಹೆಂಗಸರು, ಮುದುಕರು, ನಮ್ಮಂಥ ಮಕ್ಕಳು. ಮೊದಲನೇ ಮಹಾಯುದ್ಧದಲ್ಲಿ ಇಂಗ್ಲೆಂಡಿನ ಗಂಡಸರು ಯುದ್ಧಕ್ಕೆ ಹೋದಾಗ, 1917ರಲ್ಲಿ ಅಲ್ಲಿನ ಸರ್ಕಾರ ಹೊಲದ ಕೆಲಸಕ್ಕೆ ಅಂತಲೇ ಹೆಂಗಸರ ಪಡೆ ಕಟ್ಟಿತು. ಯಾವ ದೇಶವಾದರೂ ಲೆಕ್ಕ ಒಂದೇ.

ನಮ್ಮ ಮನೆಯ ಇಬ್ಬರು ಅಣ್ಣಂದಿರು ಬೆಂಗಳೂರಿಗೆ ಕೆಲಸಕ್ಕೆ ಹೋಗಿದ್ದಾರೆ. ಹೋದ ವರ್ಷ ರಾಗಿ ಕೊಯ್ಯಲು ಮುಯ್ಯಾಳು ಸಿಗಲಿಲ್ಲ. ಅಷ್ಟರಲ್ಲಿ ಮಳೆ ಹಿಡಿದು ತೆನೆಯಲ್ಲೇ ಮೊಳಕೆ ಬಂತು. ಅವ್ವ "ಎರಡೇ ಎರಡು ಆಳಿದ್ದಿದ್ರೆ ಉಳ್ಕೊಳ್ಳೋದು ಕಣಪ್ಪ" ಅಂದಿತು. ಯುದ್ಧ ಇಲ್ಲದೆಯೇ ಹೀಗೆ. ಊರಿಗೆ ಊರೇ ದಂಡಿಗೆ ಹೋದರೆ ಹೇಗಿರುತ್ತಿತ್ತೋ ನೀವೇ ಯೋಚಿಸಿ.

ಸತ್ತವರ ಲೆಕ್ಕ

ಆಟದಲ್ಲಿ ಸತ್ತ ಬೀಜ ಮತ್ತೆ ಬರುವುದಿಲ್ಲ ಅಂದೆನಲ್ಲಾ. ಅದು ಆ ಒಂದು ವರ್ಷದ ನಷ್ಟ ಅಲ್ಲ, ಮುಂದಿನ ಎಲ್ಲಾ ವರ್ಷದ ಬೆಳೆಯೂ ಹೋದಂತೆ. ಹಿಂದಿನವರಿಗೆ ಇದು ತಿಳಿದಿತ್ತು. ಕಾದಾಡಿ ಸತ್ತವನ ಮನೆಯವರಿಗೆ ಭೂಮಿ ಬಿಡುತ್ತಿದ್ದರು. ಅದಕ್ಕೆ ನೆತ್ತರುಗೊಡಗೆ ಅಂತ ಹೆಸರು. ಆಳಿನ ಜೀವಕ್ಕೆ ಭೂಮಿ ಸಮ ಅಲ್ಲ, ಆದರೂ ಅವನ ಮಕ್ಕಳು ಉಪವಾಸ ಇರಬಾರದಲ್ಲ. ಇಂಥ ದಾನ ಸಿಗುತ್ತದೆ ಅಂತ ನಂಬಿಕೆ ಇದ್ದರೆ ತಾನೇ ಮುಂದಿನ ಸಲ ಕರೆದಾಗ ಜನ ಬರುತ್ತಾರೆ?

ನಾವು ಕನ್ನಡದಲ್ಲಿ ಹೊಲದ ಕೂಲಿಯವನಿಗೂ ಆಳು ಅನ್ನುತ್ತೇವೆ, ಸೈನಿಕನಿಗೂ ಕಾಲಾಳು ಅನ್ನುತ್ತೇವೆ. ಇಬ್ಬರೂ ಒಬ್ಬನೇ. ಕೋಟೆಗೆ ಒಬ್ಬನನ್ನು ಕರೆದರೆ ಹೊಲದಲ್ಲಿ ಒಬ್ಬ ಕಡಿಮೆ ಆಗುತ್ತಾನೆ. ಇದನ್ನು ಮರೆತ ಪಾಳೆಗಾರ ಆಟದಲ್ಲೂ ಸೋಲುತ್ತಾನೆ, ಚರಿತ್ರೆಯಲ್ಲೂ ಸೋಲುತ್ತಾನೆ.

ಆಟ ಕಲಿಯಬೇಕು ಅನ್ನುವವರು ಶನಿವಾರ ಶಾಲೆ ಬಿಟ್ಟ ಮೇಲೆ ಜಗಲಿ ಹತ್ತಿರ ಬನ್ನಿ. ಹುಣಸೆಬೀಜ 20, ಹುರುಳಿಕಾಳು ಎರಡು ಹಿಡಿ ನೀವೇ ತರಬೇಕು. ಕಾಳನ್ನು ಬಾಯಿಗೆ ಹಾಕಿಕೊಳ್ಳುವವರನ್ನು ಸೇರಿಸುವುದಿಲ್ಲ!