ವರವೋ, ಆವೇಶವೋ?

ಕ್ರೈಸ್ತ ದೇವಾಲಯವೆಂದೊಡನೆ ನಮ್ಮಲ್ಲಿ ಬಹುಮಂದಿಯ ಕಣ್ಣಿಗೆ ಕಟ್ಟುವ ಚಿತ್ರ ಒಂದೇ ಬಗೆಯದು. ಮೇಣದಬತ್ತಿಯ ಮಂದ ಬೆಳಕು, ಮೊಣಕಾಲೂರಿದ ಭಕ್ತರು, ತುಟಿ ಮೀರದ ಪ್ರಾರ್ಥನೆ, ನಡುವೆ ಒಮ್ಮೊಮ್ಮೆ ಕೇಳಿಬರುವ ಕಿರುಗಂಟೆಯ ದನಿ. ಶತಮಾನಗಳಿಂದ ಕಥೋಲಿಕ ಕ್ರೈಸ್ತರು ದೇವರೆದುರು ನಡೆದುಕೊಂಡು ಬಂದ ರೀತಿಯೂ ಬಹುಮಟ್ಟಿಗೆ ಇದೇ. ಆದರೆ ಕಳೆದ ಐವತ್ತು ವರ್ಷಗಳಿಂದೀಚೆಗೆ ಈ ಚಿತ್ರದ ಮಗ್ಗುಲಲ್ಲಿ ಇನ್ನೊಂದು ಚಿತ್ರ ಬಂದು ನಿಂತಿದೆ. ಅಲ್ಲಿ ಭಕ್ತರು ಎರಡೂ ಕೈಗಳನ್ನೆತ್ತಿ ಹಾಡುತ್ತಾರೆ, ಚಪ್ಪಾಳೆ ತಟ್ಟುತ್ತಾರೆ, ಕಣ್ಣೀರು ಸುರಿಸುತ್ತಾರೆ, ಯಾರಿಗೂ ಅರ್ಥವಾಗದ ನುಡಿಗಳಲ್ಲಿ ದೇವರನ್ನು ಸ್ತುತಿಸುತ್ತಾರೆ, ರೋಗಿಗಳ ತಲೆಯ ಮೇಲೆ ಕೈಯಿಟ್ಟು ಗುಣವಾಗಲೆಂದು ಬೇಡುತ್ತಾರೆ. ಇದಕ್ಕೆ ‘ಕ್ಯಾರಿಸ್ಮ್ಯಾಟಿಕ್ ನವೀಕರಣ’ವೆಂದು ಹೆಸರು. ಗ್ರೀಕ್ ಭಾಷೆಯಲ್ಲಿ ‘ಕರಿಸ್ಮ’ ಎಂದರೆ ಕೃಪೆಯಿಂದ ದೊರೆತ ವರ.

ಇದು ನಿಜವಾಗಿಯೂ ಪವಿತ್ರಾತ್ಮರ ವರವೋ, ಅಥವಾ ಮನುಷ್ಯನ ಮನಸ್ಸಿನ ಆವೇಶವೋ? ಹಳೆಯ ತಲೆಮಾರಿನ ಕಥೋಲಿಕರು ಮತ್ತೆ ಮತ್ತೆ ಕೇಳಿಕೊಂಡು ಬಂದ ಪ್ರಶ್ನೆ ಇದು. ಇದು ಕೇವಲ ಪಂಡಿತರ ಚರ್ಚೆಯೆಂದು ತಳ್ಳಿಬಿಡುವಂತಿಲ್ಲ. ಪ್ರಾರ್ಥನೆಯಿಂದ ಗುಣವಾಯಿತೆಂದು ನಂಬಿ ಔಷಧಿಯನ್ನು ಬಿಡುವ ರೋಗಿಯ ಪ್ರಾಣವೂ, ಒಂದೇ ಮನೆಯಲ್ಲಿ ಅತ್ತೆ ಒಂದು ಬಗೆಯಾಗಿ ಸೊಸೆ ಇನ್ನೊಂದು ಬಗೆಯಾಗಿ ಪ್ರಾರ್ಥಿಸುವ ಕುಟುಂಬದ ನೆಮ್ಮದಿಯೂ ಇದನ್ನು ಅವಲಂಬಿಸಿವೆ.

ಘಟ್ಟದ ಮೇಲಿನ ಸೀಮೆ

ಉತ್ತರ ಕನ್ನಡ ಜಿಲ್ಲೆಯ ಘಟ್ಟದ ಮೇಲಿನ ಸೀಮೆಯಲ್ಲಿ ಈ ಪ್ರಶ್ನೆಗೆ ಬೇರೆಡೆಗಿಂತ ಹೆಚ್ಚಿನ ತೂಕವಿದೆ. ಧಾರವಾಡದ ಮಗ್ಗುಲಲ್ಲಿರುವ ಹಳಿಯಾಳ. ಕಾಗದದ ಕಾರ್ಖಾನೆಯಿಂದ ಬೆಳೆದು, ಹಳಿಯಾಳದಿಂದ ಬೇರ್ಪಟ್ಟು ಈಚೆಗೆ ತಾನೇ ತಾಲ್ಲೂಕಾಗಿರುವ ದಾಂಡೇಲಿ. ಹಿಂದೆ ಸೂಪಾ ಎನಿಸಿಕೊಂಡಿದ್ದ, ಕಾಡೇ ಹೆಚ್ಚಾಗಿರುವ ಜೋಯಿಡಾ. ಪೂರ್ವದ ಅಂಚಿನಲ್ಲಿರುವ ಮುಂಡಗೋಡ. ಇಲ್ಲಿಯ ಕಥೋಲಿಕರು ಒಂದೇ ಕುಲದವರಲ್ಲ. ಗೋವೆಯ ಮೂಲದ ಕೊಂಕಣಿ ಕುಟುಂಬಗಳಿವೆ, ಕೆಲಸವನ್ನರಸಿ ಕಾರ್ಖಾನೆಯ ಊರಿಗೆ ಬಂದು ನೆಲೆಸಿದವರಿದ್ದಾರೆ, ಸಿದ್ದಿಗಳಿದ್ದಾರೆ. ಆಫ್ರಿಕದಿಂದ ಗುಲಾಮರಾಗಿ ತರಲ್ಪಟ್ಟು, ಗೋವೆ ಮೊದಲಾದ ಕಡೆಗಳಿಂದ ತಪ್ಪಿಸಿಕೊಂಡು ಈ ಕಾಡುಗಳಲ್ಲಿ ಆಸರೆ ಪಡೆದವರ ಸಂತತಿ ಸಿದ್ದಿಗಳದು. ಅವರಲ್ಲಿ ಹಿಂದೂಗಳೂ ಮುಸಲ್ಮಾನರೂ ಕ್ರೈಸ್ತರೂ ಉಂಟು. ೨೦೦೩ರಲ್ಲಿ ಅವರಿಗೆ ಪರಿಶಿಷ್ಟ ಪಂಗಡದ ಮಾನ್ಯತೆ ದೊರೆಯಿತು. ಮುಂಡಗೋಡಿನಲ್ಲಿ ಯೇಸುಸಭೆಯ ಗುರುಗಳು ನಡೆಸುವ ಲೊಯೋಲಾ ವಿಕಾಸ ಕೇಂದ್ರವು ಅವರ ನಡುವೆ ಕೆಲಸ ಮಾಡುತ್ತ ಬಂದಿದೆ. ೧೯೭೬ರಲ್ಲಿ ಬೆಳಗಾವಿ ಧರ್ಮಪ್ರಾಂತದಿಂದ ಬೇರ್ಪಟ್ಟ ಕಾರವಾರ ಧರ್ಮಪ್ರಾಂತಕ್ಕೆ ಈ ಸೀಮೆ ಸೇರಿದೆ.

ಈ ಪ್ರದೇಶದ ಜನಕ್ಕೆ ‘ಭಾರ ಬರುವುದು’, ‘ಮೈದುಂಬುವುದು’ ಎಂಬ ಮಾತುಗಳು ಹೊಸವಲ್ಲ. ದೈವವು ಮನುಷ್ಯನ ಮೈಮೇಲೆ ಬಂದು ನುಡಿಯುತ್ತದೆಂಬ ನಂಬಿಕೆ ಇಲ್ಲಿ ಬಹು ಪುರಾತನವಾದುದು. ಸಿದ್ದಿಗಳಲ್ಲಿ ಗತಿಸಿದ ಹಿರಿಯರನ್ನು ಆರಾಧಿಸುವ ಪದ್ಧತಿ ಮತದ ಗಡಿಗಳನ್ನು ದಾಟಿ ಉಳಿದುಕೊಂಡಿದೆ. ಡಮಾಮ್ ಎಂಬ ಅವರ ವಾದ್ಯದ ಬಡಿತಕ್ಕೆ ಕುಣಿಯದ ಕಾಲಿಲ್ಲ. ೧೯೬೬ರಿಂದ ಮುಂಡಗೋಡಿನ ಬಳಿ ನೆಲೆಸಿರುವ ಟಿಬೆಟನ್ನರಲ್ಲಿಯೂ ದೇವತೆ ಮೈಮೇಲೆ ಬಂದು ಭವಿಷ್ಯ ನುಡಿಯುವ ಸಂಪ್ರದಾಯವುಂಟು. ಹೀಗಿರಲು, ಪ್ರಾರ್ಥನಾಕೂಟದಲ್ಲಿ ಒಬ್ಬರು ನಡುಗುತ್ತ ನೆಲಕ್ಕೊರಗಿದರೆ ನೋಡುವವರಿಗೆ ಅದು ಯಾವುದರಂತೆ ಕಂಡೀತು? ಹಿಂದಿನ ಪಾದ್ರಿಗಳು ಯಾವುದನ್ನು ಬಿಡಬೇಕೆಂದು ಬೋಧಿಸಿದ್ದರೋ ಅದೇ ಹೊಸ ಹೆಸರಿನಿಂದ ಇಗರ್ಜಿಯ ಒಳಕ್ಕೆ ಬಂದಿತೆಂದು ಹಿರಿಯರು ಅಂಜಿದರೆ ಅದು ಅಸಹಜವಲ್ಲ.

ಹೊಸ ಗಾಳಿ ಬಂದ ದಾರಿ

ಈ ಬಗೆಯ ಆರಾಧನೆ ಮೊದಲು ಹಬ್ಬಿದ್ದು ಕಥೋಲಿಕೇತರ ಕ್ರೈಸ್ತರಲ್ಲಿ. ಅಮೆರಿಕದ ಲಾಸ್ ಏಂಜಲೀಸ್ ನಗರದಲ್ಲಿ ೧೯೦೬ರಲ್ಲಿ ನಡೆದ ಕೂಟಗಳಿಂದ ಅದು ಲೋಕಪ್ರಸಿದ್ಧವಾಯಿತು. ಆದರೆ ಅದಕ್ಕೂ ಒಂದು ವರ್ಷ ಮುಂಚೆಯೇ, ೧೯೦೫ರಲ್ಲಿ, ಪುಣೆಯ ಬಳಿಯ ಕೇಡಗಾಂವದ ಮುಕ್ತಿ ಆಶ್ರಮದಲ್ಲಿ ಅನಾಥ ಹೆಣ್ಣುಮಕ್ಕಳ ನಡುವೆ ಇಂಥ ಜಾಗೃತಿ ಕಾಣಿಸಿಕೊಂಡಿತ್ತು. ಆ ಆಶ್ರಮವನ್ನು ನಡೆಸುತ್ತಿದ್ದವರು ಪಂಡಿತಾ ರಮಾಬಾಯಿ. ಕನ್ನಡ ನಾಡಿನ ಗಂಗಾಮೂಲದ ಕಾಡಿನಲ್ಲಿ ಹುಟ್ಟಿದ ಆ ಮಹಾವಿದುಷಿ!

ಕಥೋಲಿಕರಲ್ಲಿ ಇದು ಮೊದಲಾದದ್ದು ೧೯೬೭ರ ಫೆಬ್ರವರಿಯಲ್ಲಿ, ಅಮೆರಿಕದ ಪಿಟ್ಸ್‌ಬರ್ಗ್ ನಗರದ ಡ್ಯುಕೇನ್ ವಿಶ್ವವಿದ್ಯಾಲಯದ ಕೆಲವು ವಿದ್ಯಾರ್ಥಿಗಳೂ ಅಧ್ಯಾಪಕರೂ ಧ್ಯಾನಕ್ಕೆಂದು ಒಟ್ಟುಗೂಡಿದ್ದಾಗ. ಐದಾರು ವರ್ಷಗಳಲ್ಲಿ ಅದು ಮುಂಬಯಿಗೆ ತಲುಪಿತು. ಕೇರಳದ ಪೋಟ್ಟ, ಮುರಿಂಗೂರುಗಳಲ್ಲಿ ವಿನ್ಸೆಂಷಿಯನ್ ಸಭೆಯ ಗುರುಗಳು ನಡೆಸಿದ ಧ್ಯಾನಕೂಟಗಳಿಗೆ ಕರ್ನಾಟಕದಿಂದಲೂ ಯಾತ್ರಿಕರು ಹೋಗಿಬಂದರು. ದಕ್ಷಿಣ ಕನ್ನಡದ ಮೂಲ್ಕಿಯಲ್ಲಿಯೂ ಇಂಥದೇ ಒಂದು ಕೇಂದ್ರ ಬೆಳೆಯಿತು. ಹೋಗಿಬಂದವರು ತಮ್ಮೊಡನೆ ಹೊಸ ಹಾಡುಗಳನ್ನೂ, ಬೈಬಲನ್ನು ಸ್ವತಃ ಓದುವ ಅಭ್ಯಾಸವನ್ನೂ, ಹೊಸ ಆರಾಧನೆಯ ರೀತಿಯನ್ನೂ ತಂದರು.

ಹಳೆಯ ಅಂಜಿಕೆಗೆ ಹಳೆಯ ಕಾರಣ

ಹಿರಿಯರ ಸಂಶಯಕ್ಕೆ ಆಧಾರವಿಲ್ಲದಿಲ್ಲ. ನಾಲ್ಕನೆಯ ಶತಮಾನದ ಕೊನೆಯಲ್ಲಿಯೇ ಸಂತ ಜಾನ್ ಕ್ರಿಸೊಸ್ತೊಮರು, ಸಂತ ಪೌಲರು ಹೇಳುವ ಈ ವರಗಳು ತಮ್ಮ ಕಾಲದಲ್ಲಿ ನಡೆಯದಿರುವುದರಿಂದ ಆ ಭಾಗವೇ ಅರ್ಥವಾಗದಂತಾಗಿದೆಯೆಂದು ಬೋಧಿಸಿದ್ದರು. ೧೬೧೪ರಲ್ಲಿ ಪ್ರಕಟವಾದ ರೋಮನ್ ವಿಧಿಗ್ರಂಥವಂತೂ, ಅರಿಯದ ಭಾಷೆಯಲ್ಲಿ ಮಾತಾಡುವುದನ್ನು ಪಿಶಾಚಬಾಧೆಯ ಕುರುಹುಗಳಲ್ಲಿ ಒಂದೆಂದು ಎಣಿಸಿತ್ತು. ಆದರೆ ಅದೇ ಗ್ರಂಥ ಗುರುಗಳಿಗೆ ಇನ್ನೊಂದು ಎಚ್ಚರಿಕೆಯನ್ನೂ ಕೊಟ್ಟಿತ್ತು: ಯಾರಿಗಾದರೂ ಪಿಶಾಚಿ ಹಿಡಿದಿದೆಯೆಂದು ಸುಲಭವಾಗಿ ನಂಬಬಾರದು, ಅದು ದೇಹದ ಅಥವಾ ಮನಸ್ಸಿನ ವ್ಯಾಧಿಯೇ ಎಂಬುದನ್ನು ವಿವೇಚಿಸಬೇಕು.

ಸ್ಪೇನಿನ ಅನುಭಾವಿ, ಶಿಲುಬೆಯ ಸಂತ ಯೊವಾನ್ನರು ಹದಿನಾರನೆಯ ಶತಮಾನದಲ್ಲಿ ಇನ್ನೂ ಕಠೋರವಾಗಿ ಹೇಳಿದರು. ದರ್ಶನಗಳನ್ನೂ ಅಶರೀರವಾಣಿಗಳನ್ನೂ ಸಾಧಕನು ಅರಸಬಾರದು. ತಾವಾಗಿ ಬಂದರೂ ಅವುಗಳಿಗೆ ಅಂಟಿಕೊಳ್ಳಬಾರದು. ಕನ್ನಡಿಗರಿಗೆ ಈ ಮಾತು ಅಪರಿಚಿತವೇನಲ್ಲ. ಸಿದ್ಧಿಗಳು ಸಮಾಧಿಗೆ ಅಡ್ಡಿಯೆಂದು ಪತಂಜಲಿಯ ಯೋಗಸೂತ್ರ ಹೇಳುತ್ತದೆ. ವಜ್ರಕಾಯವನ್ನು ಸಾಧಿಸಿ ಬೀಗುತ್ತಿದ್ದ ಗೋರಕ್ಷನ ಗರ್ವವನ್ನು ಅಲ್ಲಮಪ್ರಭು ಇಳಿಸಿದ ಕಥೆ ಶೂನ್ಯಸಂಪಾದನೆಯಲ್ಲಿದೆ.

ಹಾಗೆಂದು ಕಥೋಲಿಕ ಸಂಪ್ರದಾಯವು ಪವಾಡಗಳನ್ನೇ ಅಲ್ಲಗಳೆಯಿತೆಂದು ತಿಳಿಯಬಾರದು. ಸಂತ ಅಗಸ್ಟೀನರು ಮೊದಲು ಪವಾಡಗಳ ಕಾಲ ಮುಗಿಯಿತೆಂಬಂತೆ ಬರೆದಿದ್ದವರು, ತಮ್ಮ ಊರಾದ ಹಿಪ್ಪೋದಲ್ಲಿಯೇ ರೋಗಿಗಳು ಗುಣವಾದುದನ್ನು ಕಂಡು ಅಭಿಪ್ರಾಯವನ್ನು ತಿದ್ದಿಕೊಂಡರು. ಆದರೆ ಕಂಡದ್ದನ್ನು ಹಾಗೆಯೇ ಬಿಡಲಿಲ್ಲ. ಗುಣವಾದವರಿಂದ ವೃತ್ತಾಂತವನ್ನು ಬರೆಯಿಸಿ ಸಭೆಯೆದುರು ಓದಿಸಿದರು. ಎರಡು ವರ್ಷ ತುಂಬುವುದರೊಳಗೆ ಇಂಥ ಬರಹಗಳು ಸುಮಾರು ಎಪ್ಪತ್ತಾಗಿದ್ದುವು. ಫ್ರಾನ್ಸಿನ ಲೂರ್ದ್ ಕ್ಷೇತ್ರದಲ್ಲಿಯೂ ಇದೇ ಕ್ರಮ. ೧೮೫೮ರಿಂದ ಈಚೆಗೆ ಅಲ್ಲಿ ಗುಣಹೊಂದಿದೆವೆಂದು ಹೇಳಿಕೊಂಡವರು ಏಳು ಸಾವಿರಕ್ಕೂ ಮೇಲ್ಪಟ್ಟವರು. ವೈದ್ಯರ ಪರೀಕ್ಷೆಯ ತರುವಾಯ ಧರ್ಮಸಭೆ ಪವಾಡವೆಂದು ಒಪ್ಪಿದವು ಎಪ್ಪತ್ತಕ್ಕೆ ತುಸು ಮೇಲು, ಅಷ್ಟೆ. ವರವಿಲ್ಲವೆನ್ನುವುದು ಹಳೆಯ ನಿಲುವಲ್ಲ. ಒರೆಗೆ ಹಚ್ಚದೆ ಒಪ್ಪಬಾರದೆನ್ನುವುದೇ ಹಳೆಯ ನಿಲುವು.

ಗೋವೆಯ ಇಬ್ಬರು ಸಂತರು

ಹಳಿಯಾಳ, ಜೋಯಿಡಾಗಳ ಕೊಂಕಣಿ ಮನೆಗಳಿಗೆ ಗೋವೆಯ ಸಂತರು ನೆಂಟರಷ್ಟು ಹತ್ತಿರ. ಸಂತ ಫ್ರಾನ್ಸಿಸ್ ಝೇವಿಯರರು ೧೫೪೨ರಲ್ಲಿ ಗೋವೆಗೆ ಬಂದಿಳಿದರು. ಅವರಿಗೆ ನಾನಾ ಭಾಷೆಗಳ ವರವಿತ್ತೆಂದು ಭಕ್ತರು ನಂಬುತ್ತಾರೆ. ಸಂತಪದವಿಯ ಶಾಸನವೂ ಅದನ್ನು ಎಣಿಸಿದೆ. ಆದರೆ ಝೇವಿಯರರ ಕಾಗದಗಳೇ ಬೇರೆಯ ಕಥೆಯನ್ನು ಹೇಳುತ್ತವೆ. ಮುತ್ತಿನ ಕರಾವಳಿಯ ಬೆಸ್ತರ ನಡುವೆ ಅವರು ಎರಡೂ ಭಾಷೆ ಬಲ್ಲವರನ್ನು ಕೂರಿಸಿಕೊಂಡು ಬಹು ಶ್ರಮದಿಂದ ಪ್ರಾರ್ಥನೆಗಳನ್ನು ತಮಿಳಿಗೆ ತಿರುಗಿಸಿಕೊಂಡರು, ಬಾಯಿಪಾಠ ಮಾಡಿದರು, ಕೈಯಲ್ಲಿ ಗಂಟೆ ಹಿಡಿದು ಬೀದಿಬೀದಿ ತಿರುಗಿ ಮಕ್ಕಳನ್ನು ಕರೆದರು. ಜಪಾನಿನಲ್ಲಿಯೂ ಎಳೆಯ ಮಕ್ಕಳಂತೆ ಭಾಷೆ ಕಲಿಯಬೇಕಾಯಿತೆಂದು ಅವರೇ ಬರೆದಿದ್ದಾರೆ.

ಇನ್ನೊಬ್ಬರು ಸಂತ ಜೋಸೆಫ್ ವಾಝ್ (೧೬೫೧–೧೭೧೧). ೧೬೮೧ರಿಂದ ಕೆಲವು ವರ್ಷ ಕೆನರಾ ಸೀಮೆಯಲ್ಲಿ ದುಡಿದು, ಬಳಿಕ ವೇಷ ಮರೆಸಿಕೊಂಡು ಸಿಂಹಳಕ್ಕೆ ಹೋದ ಗೋವೆಯ ಗುರು. ೧೬೯೬ರ ಬರಗಾಲದಲ್ಲಿ ಕ್ಯಾಂಡಿಯ ಅರಸನ ಕೋರಿಕೆಯಂತೆ ಅವರು ಪ್ರಾರ್ಥಿಸಿದಾಗ ಮಳೆ ಸುರಿಯಿತೆಂದು ಸಂಪ್ರದಾಯ ಹೇಳುತ್ತದೆ. ಮರುವರ್ಷ ಅಲ್ಲಿ ಸಿಡುಬು ಹಬ್ಬಿತು. ಬಂಧುಗಳೇ ತೊರೆದುಹೋದ ರೋಗಿಗಳನ್ನು ವಾಝರು ಆರೈಕೆ ಮಾಡಿದರು. ಸತ್ತವರನ್ನು ತಾವೇ ಹೂಳಿದರು. ೨೦೧೫ರಲ್ಲಿ ಅವರಿಗೆ ಸಂತಪದವಿ ದೊರೆಯಿತು. ಮಳೆಯ ಪವಾಡವನ್ನು ನಂಬದವರು ಇರಬಹುದು. ಸಿಡುಬಿನ ಸೇವೆಯನ್ನು ಕಂಡು ತಲೆಬಾಗದವರು ಯಾರು?

ರೋಮಿನಲ್ಲಿ ನಡೆದ ವಾದ

ಎರಡನೆಯ ವ್ಯಾಟಿಕನ್ ಮಹಾಸಭೆಯಲ್ಲಿ ಈ ಪ್ರಶ್ನೆ ನೇರವಾಗಿ ಎದುರಾಯಿತು. ೧೯೬೩ರ ಅಕ್ಟೋಬರಿನಲ್ಲಿ ಪಲೆರ್ಮೊದ ಕಾರ್ಡಿನಲ್ ರುಫೀನಿಯವರು, ಇಂಥ ವರಗಳು ಆದಿಕಾಲದ ಧರ್ಮಸಭೆಯಲ್ಲಿ ಹೇರಳವಾಗಿದ್ದರೂ ಈಗ ಅತಿ ವಿರಳವೆಂದು ವಾದಿಸಿದರು. ಬೆಲ್ಜಿಯಮಿನ ಕಾರ್ಡಿನಲ್ ಸ್ಯುನೆನ್ಸರು ಎದ್ದು ನಿಂತು, ಅವು ಸಾಮಾನ್ಯ ಭಕ್ತರಿಗೂ ಇಂದಿಗೂ ದೊರೆಯುತ್ತಿವೆಯೆಂದರು. ಮರುವರ್ಷ ಪ್ರಕಟವಾದ ಮಹಾಸಭೆಯ ಶಾಸನ ಎರಡೂ ಕಡೆಯ ಸತ್ಯವನ್ನು ಉಳಿಸಿಕೊಂಡಿತು. ವರಗಳನ್ನು ಕೃತಜ್ಞತೆಯಿಂದ ಸ್ವೀಕರಿಸಬೇಕು. ಅಸಾಮಾನ್ಯವಾದ ವರಗಳನ್ನು ದುಡುಕಿ ಬಯಸಬಾರದು. ಪರೀಕ್ಷಿಸಿ ಒಳ್ಳೆಯದನ್ನು ಉಳಿಸಿಕೊಳ್ಳುವ ಹೊಣೆ ಧರ್ಮಾಧ್ಯಕ್ಷರದು. ೧೯೭೫ರಲ್ಲಿ ಜಗದ್ಗುರು ಆರನೆಯ ಪೌಲರು ರೋಮಿಗೆ ಬಂದ ಸುಮಾರು ಹತ್ತು ಸಾವಿರ ಮಂದಿ ನವೀಕರಣದವರನ್ನು ಆದರದಿಂದ ಬರಮಾಡಿಕೊಂಡರು.

ಮುಂದೆ ನಿಯಮಗಳೂ ಬಂದುವು. ಪಿಶಾಚೋಚ್ಚಾಟನೆಯನ್ನು ಧರ್ಮಾಧ್ಯಕ್ಷರ ಸ್ಪಷ್ಟ ಅನುಮತಿ ಪಡೆದ ಗುರುಗಳಲ್ಲದೆ ಇನ್ನಾರೂ ಮಾಡುವಂತಿಲ್ಲ. ೨೦೦೦ದಲ್ಲಿ ವ್ಯಾಟಿಕನ್ ಹೊರಡಿಸಿದ ಸೂಚನೆಯಂತೆ, ರೋಗಶಮನಕ್ಕಾಗಿ ಯಾರಾದರೂ ಪ್ರಾರ್ಥಿಸಬಹುದು. ಆದರೆ ಕೂಟಗಳಲ್ಲಿ ಉನ್ಮಾದಕ್ಕೂ ನಾಟಕೀಯತೆಗೂ ಎಡೆಗೊಡಬಾರದು. ಗುಣವಾಯಿತೆನ್ನುವವರ ಸಾಕ್ಷ್ಯವನ್ನು ಜೋಪಾನವಾಗಿ ಸಂಗ್ರಹಿಸಿ ಅಧಿಕಾರಿಗಳಿಗೆ ಒಪ್ಪಿಸಬೇಕು. ಅಗಸ್ಟೀನರ ಹಿಪ್ಪೋದ ಪದ್ಧತಿಯೇ ಹದಿನಾರು ಶತಮಾನಗಳ ಅನಂತರ ಮರಳಿ ಬಂದಿತೆನ್ನಬಹುದು!

ಇಬ್ಬರ ಮಾತಿನಲ್ಲಿಯೂ ಹುರುಳಿದೆ

ಜಪಸರದ ಮಣಿ ಎಣಿಸುವ ಅಜ್ಜಿಯ ಆಕ್ಷೇಪಗಳು ಸರಳವಾದುವು. ದೀಕ್ಷಾಸ್ನಾನದಲ್ಲಿಯೂ ದೃಢೀಕರಣದಲ್ಲಿಯೂ ಪವಿತ್ರಾತ್ಮರನ್ನು ಪಡೆದ ಮೇಲೆ ಮತ್ತೊಮ್ಮೆ ಪಡೆಯುವುದೆಂತು? ಭಾಷೆಯ ವರ ಬಂದವರು ಮೇಲು, ಬಾರದವರು ಕೀಳು ಎಂದಾದರೆ ಒಂದೇ ಬಲಿಪೀಠದ ಮುಂದೆ ಎರಡು ಪಂಕ್ತಿಗಳಾಗಲಿಲ್ಲವೆ? ಮೌನದಲ್ಲಿ ದೇವರಿಲ್ಲವೆ?

ಕೈಯೆತ್ತಿ ಹಾಡುವ ಮೊಮ್ಮಗಳ ಉತ್ತರವೂ ಅಷ್ಟೇ ಸರಳ. ಪವಿತ್ರಾತ್ಮರನ್ನು ಹೊಸದಾಗಿ ಪಡೆಯುವುದಲ್ಲ, ಪಡೆದದ್ದು ಎಚ್ಚರಗೊಳ್ಳುವುದು. ಗುರುಗಳು ಅಪರೂಪಕ್ಕೆ ಬರುವ ಕಾಡಿನ ಹಳ್ಳಿಯಲ್ಲಿ, ಹಿಂದೆಂದೂ ಹತ್ತು ಜನರೆದುರು ಬಾಯಿ ತೆರೆಯದ ಹೆಂಗಸು ತನ್ನದೇ ಮಾತಿನಲ್ಲಿ ದೇವರನ್ನು ಕರೆಯುತ್ತಾಳಾದರೆ ಅದು ಸಣ್ಣ ಸಂಗತಿಯೆ? ಕುಡಿತ ಬಿಟ್ಟ ಗಂಡ ಕೂಲಿಯ ಹಣವನ್ನು ಮನೆಗೆ ತಂದುಕೊಟ್ಟರೆ ಅದು ಆವೇಶವೆ? ಡಮಾಮ್ ಬಡಿತದಲ್ಲಿ ಬೆಳೆದ ಮೈಗೆ ದೇವರೆದುರು ಮಾತ್ರ ಕಲ್ಲಾಗಿರಬೇಕೆಂದು ಹೇಳುವುದು ನ್ಯಾಯವೆ?

ಒಂದು ವಿಷಯದಲ್ಲಿ ಮಾತ್ರ ರಾಜಿಗೆ ಎಡೆಯಿಲ್ಲ. ಆಸ್ಪತ್ರೆ ದೂರವಿರುವ ಕಾಡಿನ ಊರಿನಲ್ಲಿ ಮೂರ್ಛೆರೋಗವನ್ನು ದೆವ್ವವೆಂದೂ, ಮನೋವ್ಯಾಧಿಯನ್ನು ಶಾಪವೆಂದೂ ಕರೆದು ಮದ್ದನ್ನು ನಿಲ್ಲಿಸುವುದು ಅತ್ಯಂತ ಅಪಾಯಕರ. ಪ್ರಾರ್ಥನೆ ಮಾಡುವವನು ವೈದ್ಯನನ್ನು ದೂರವಿಡಬೇಕೆಂದು ಧರ್ಮಸಭೆ ಎಂದೂ ಹೇಳಿಲ್ಲ.

ಈ ಜಗಳ ಇಂದಿನದೇನೂ ಅಲ್ಲ. ಕೊರಿಂಥ ನಗರದ ಕ್ರೈಸ್ತರಲ್ಲಿಯೂ, ಯಾರ ವರ ದೊಡ್ಡದೆಂಬ ವಿಷಯದಲ್ಲಿ ಇದೇ ಗದ್ದಲವೆದ್ದಿತ್ತು. ಸಂತ ಪೌಲರು ಅವರಿಗೆ ಬರೆದ ಮೊದಲನೆಯ ಪತ್ರದ ಹನ್ನೆರಡನೆಯ ಅಧ್ಯಾಯದಲ್ಲಿ ವರಗಳನ್ನು ಎಣಿಸಿದರು. ಹದಿನಾಲ್ಕನೆಯದರಲ್ಲಿ, ಅರಿಯದ ನುಡಿಯಲ್ಲಿ ಮಾತಾಡುವವರು ಇಬ್ಬರು ಮೂವರನ್ನು ಮೀರಬಾರದು, ಒಬ್ಬರಾದ ಮೇಲೊಬ್ಬರು ಮಾತಾಡಬೇಕು, ಅರ್ಥ ಹೇಳುವವರಿಲ್ಲದಿದ್ದರೆ ಸುಮ್ಮನಿರಬೇಕು ಎಂದು ಕಟ್ಟುಮಾಡಿದರು. ಇವೆರಡರ ನಡುವೆ ಹದಿಮೂರನೆಯ ಅಧ್ಯಾಯವನ್ನಿಟ್ಟರು. ಪ್ರೀತಿಯನ್ನು ಕುರಿತ ಆ ಅಧ್ಯಾಯವನ್ನು ಇಂದು ಮದುವೆಗಳಲ್ಲಿ ಓದುವ ವಾಡಿಕೆಯುಂಟು. ಆದರೆ ಅದು ಹುಟ್ಟಿದ್ದು ವಧೂವರರಿಗಾಗಿ ಅಲ್ಲ, ಪ್ರಾರ್ಥನೆಯ ಬಗ್ಗೆ ಜಗಳವಾಡುತ್ತಿದ್ದ ಜನರಿಗಾಗಿ. ಹಳಿಯಾಳದ ಅಜ್ಜಿಯೂ ಮೊಮ್ಮಗಳೂ ಅದನ್ನು ಒಟ್ಟಿಗೆ ಕುಳಿತು ಓದಿದರೆ, ಜಪಸರವನ್ನು ಕೆಳಗಿಡಬೇಕಾದ ಅಗತ್ಯ ಒಬ್ಬಳಿಗೂ, ಎತ್ತಿದ ಕೈಯನ್ನು ಇಳಿಸಬೇಕಾದ ಅಗತ್ಯ ಇನ್ನೊಬ್ಬಳಿಗೂ ಕಂಡುಬರಲಾರದು.