ಫ್ರೀಜರಿನಲ್ಲಿ ಒಂದು ಟ್ರೇ ಪಾನಕ

ಕಳೆದ ವರ್ಷ ಆಷಾಢದ ಒಂದು ಶನಿವಾರ. ವೈಟ್‌ಫೀಲ್ಡಿನ ಪಿ.ಜಿ.ಯಿಂದ ಮನೆಗೆ ಬಂದ ಮಗಳು ಬ್ಯಾಗಿನಿಂದ ಪುಟ್ಟ ಬಾಟಲಿಯೊಂದನ್ನು ತೆಗೆದು ಅಡುಗೆಕಟ್ಟೆಯ ಮೇಲಿಟ್ಟಳು. ಒಳಗೆ ಗಾಢ ಹಳದಿ ರಸ.

"ಅಮ್ಮ, ಇದು ವೆಲ್‌ನೆಸ್ ಶಾಟ್. ನಮ್ಮ ಆಫೀಸ್ ಕೆಳಗಡೆ ಕೆಫೆಲಿ ಸಿಗತ್ತೆ. ನಮ್ ಟೀಮಲ್ಲಿ ಎಲ್ರೂ ಬೆಳಗ್ಗೆ ಒಂದೊಂದು ಕುಡೀತಾರೆ. ನೆಗಡಿ ಹತ್ರಾನೂ ಬರಲ್ವಂತೆ."

ಬೆಲೆ ಕೇಳಿದೆ. 60 ಎಂ.ಎಲ್.ಗೆ ನೂರು ರೂಪಾಯಿಗೂ ಮೇಲೆ! ನಮ್ಮತ್ತೆ ಮುಚ್ಚಳ ತೆಗೆದು ಮೂಸಿ ನೋಡಿದರು. ಅಂಗೈಗೆ ನಾಲ್ಕು ಹನಿ ಹಾಕಿಕೊಂಡು ರುಚಿ ನೋಡಿ, "ನಿಂಬೆಹಣ್ಣು, ಶುಂಠಿ, ಮೆಣಸು. ಬೆಲ್ಲ ಹಾಕೋದು ಮರ್ತಿದಾರೆ ಅಷ್ಟೆ. ಇದು ರಾಮನವಮಿ ಪಾನಕ ಕಣೇ" ಅಂದರು.

ಅಂದ ಮೇಲೆ ಮನೆಯಲ್ಲೇ ಮಾಡೋಣ ಅನ್ನಿಸದೇ ಇರುತ್ತದೆಯೇ? ನಾವಿರುವುದು ಪೀಣ್ಯ ಕಡೆ. ಮನೆಯವರು ಮೆಷಿನ್ ಶಾಪಿನಲ್ಲಿ ಶಿಫ್ಟ್ ಕೆಲಸ ಮಾಡುತ್ತಾರೆ. ಒಂದು ವಾರ ಹಗಲು, ಇನ್ನೊಂದು ವಾರ ರಾತ್ರಿ. ದಿನಾ ಬೆಳಗ್ಗೆ ನಿಂಬೆಹಣ್ಣು ಹಿಂಡಿ, ಶುಂಠಿ ಜಜ್ಜಿ ಕೊಡುವಷ್ಟು ವ್ಯವಧಾನ ಯಾರಿಗೂ ಇಲ್ಲ. ಒಂದೇ ಸಲ ಮಾಡಿ ಐಸ್ ಟ್ರೇಗೆ ಹುಯ್ದಿಟ್ಟರೆ, ಬೇಕಾದಾಗ ಒಂದು ಕ್ಯೂಬ್ ತೆಗೆದು ನೀರಿಗೆ ಹಾಕಿದರಾಯಿತು. ಆಷಾಢದಲ್ಲಿ ನಿಂಬೆಹಣ್ಣೂ ಅಗ್ಗ. ಬೇಸಿಗೆಯಲ್ಲಿ ಹತ್ತು ರೂಪಾಯಿಗೆ ಒಂದು ಅನ್ನುವ ಗಾಡಿಯವನು ಮಳೆ ಬಿದ್ದ ಮೇಲೆ ಅದೇ ಹತ್ತಕ್ಕೆ ಮೂರ್ನಾಲ್ಕು ಕೊಡುತ್ತಾನೆ.

ಮಾಡಿದ್ದೇನೋ ಮಾಡಿದೆ. ಆದರೆ ಮೊದಲ ಟ್ರೇ ಮಾಡುವಾಗ ಒಂದು ತಪ್ಪು ಮಾಡಿದೆ. ಅದನ್ನು ಹೇಳುವುದಕ್ಕೇ ಈ ಬರಹ.

ಜಾಸ್ತಿ ಹಾಕಿದರೆ ಜಾಸ್ತಿ ಒಳ್ಳೆಯದು?

ಆರೋಗ್ಯಕ್ಕೆ ತಾನೇ ಅಂತ ನಾಲ್ಕು ಚಮಚ ಅರಿಶಿನ ಹಾಕಿದೆ, ಒಂದು ಹಿಡಿ ಕಾಳುಮೆಣಸು ಜಜ್ಜಿ ಹಾಕಿದೆ. ಕುಡಿದರೆ ಗಂಟಲಿನಿಂದ ಹೊಟ್ಟೆಯವರೆಗೂ ಉರಿ. ಮಗಳು ಒಂದೇ ದಿನಕ್ಕೆ ಸಾಕು ಅಂದಳು. ಆದರೆ ನಮ್ಮತ್ತೆಗೆ ಅದು ಬಹಳ ಹಿಡಿಸಿಬಿಟ್ಟಿತು. ಬೆಳಗ್ಗೆ ಎರಡು, ಸಂಜೆ ಎರಡು ಕ್ಯೂಬ್ ಬಿಸಿನೀರಿಗೆ ಹಾಕಿಕೊಂಡು, "ಕಾಲು ನೋವು ಎಷ್ಟೋ ವಾಸಿ" ಅನ್ನುತ್ತಿದ್ದರು. ಟ್ರೇ ಖಾಲಿಯಾದ ಹಾಗೆ ನಾನೂ ಮಾಡಿಕೊಡುತ್ತಿದ್ದೆ.

ಮೂರು ವಾರ ಕಳೆದಿರಬಹುದು. ಹಲ್ಲುಜ್ಜುವಾಗ ವಸಡಿನಲ್ಲಿ ರಕ್ತ ಬರುತ್ತಿದೆ ಅಂದರು. ಮುಂಗೈ ಮೇಲೆ ನೀಲಿ ಕಲೆಗಳು ಬೇರೆ. ಅತ್ತೆಗೆ ಹೃದಯದ ವಾಲ್ವ್ ಬದಲಿಸಿ ಆರು ವರ್ಷ ಆಗಿದೆ. ರಕ್ತ ಹೆಪ್ಪುಗಟ್ಟದ ಹಾಗೆ ವಾರ್ಫರಿನ್ ಮಾತ್ರೆ ದಿನಾ ತೆಗೆದುಕೊಳ್ಳಬೇಕು. ಅದು ಹೆಚ್ಚೂ ಆಗಬಾರದು, ಕಡಿಮೆಯೂ ಆಗಬಾರದು. ಅದಕ್ಕೇ ಆಗಾಗ ಐ.ಎನ್.ಆರ್. ಅಂತ ರಕ್ತ ಪರೀಕ್ಷೆ. ಆ ಸಲ ಮಾಡಿಸಿದಾಗ ಇರಬೇಕಾದ್ದಕ್ಕಿಂತ ಬಹಳ ಮೇಲೆ ಹೋಗಿತ್ತು.

ಡಾಕ್ಟರ್ ಮೊದಲು ಕೇಳಿದ ಪ್ರಶ್ನೆ: "ಅಜ್ಜಿ, ಹೊಸದಾಗಿ ಏನಾದ್ರೂ ಶುರು ಮಾಡಿದೀರಾ? ಕಷಾಯ, ಪುಡಿ, ಸೊಪ್ಪು, ನಾಟಿ ಔಷಧಿ?"

ನಾನು ಕ್ಯೂಬಿನ ಕಥೆ ಹೇಳಿದೆ. ಅವರು ಬೈಯಲಿಲ್ಲ. "ಇದರಿಂದಲೇ ಹೀಗಾಯ್ತು ಅಂತ ಹೇಳಕ್ಕಾಗಲ್ಲ. ಇದರಿಂದ ಅಲ್ಲ ಅಂತಲೂ ಹೇಳಕ್ಕಾಗಲ್ಲ. ಸದ್ಯ ನಿಲ್ಲಿಸಿ" ಅಂದರು. ಮಾತ್ರೆಯ ಪ್ರಮಾಣವನ್ನೂ ಬದಲಿಸಿದರು. ಎರಡು ವಾರಕ್ಕೆ ಪರೀಕ್ಷೆಯ ಅಂಕಿ ಸರಿಹೋಯಿತು. ಆ ಎರಡು ವಾರ ನಾನು ಸರಿಯಾಗಿ ನಿದ್ದೆ ಮಾಡಲಿಲ್ಲ.

ಮೆಣಸು ಮಾಡುವ ಕೆಲಸ

ಅರಿಶಿನದ ಜೊತೆ ಮೆಣಸು ಹಾಕಿದರೆ ಅದರ ಗುಣ 20 ಪಟ್ಟು ಹೆಚ್ಚುತ್ತದೆ ಅನ್ನುವ ಮಾತನ್ನು ನೀವೂ ಕೇಳಿರಬಹುದು. ಆ ಲೆಕ್ಕ ಹುಟ್ಟಿದ್ದು ನಮ್ಮ ಬೆಂಗಳೂರಿನಲ್ಲೇ. ಕೋರಮಂಗಲದ ಸೇಂಟ್ ಜಾನ್ಸ್ ಮೆಡಿಕಲ್ ಕಾಲೇಜಿನವರು 1998ರಲ್ಲಿ ಪ್ರಕಟಿಸಿದ ಅಧ್ಯಯನ ಅದು. ಅರಿಶಿನದ ಸತ್ವವಾದ ಕರ್ಕ್ಯುಮಿನ್ ಒಂದನ್ನೇ ಕೊಟ್ಟಾಗ ಅದು ರಕ್ತದಲ್ಲಿ ಕಂಡೂ ಕಾಣದಷ್ಟಿತ್ತು. ಮೆಣಸಿನ ಖಾರದ ಅಂಶವಾದ ಪೈಪರಿನ್ ಜೊತೆ ಕೊಟ್ಟಾಗ ದೇಹಕ್ಕೆ ದಕ್ಕಿದ್ದು ಸುಮಾರು 20 ಪಟ್ಟು ಜಾಸ್ತಿ.

ಆದರೆ ಅಲ್ಲಿ ಕೊಟ್ಟಿದ್ದು 2 ಗ್ರಾಂ ಶುದ್ಧ ಕರ್ಕ್ಯುಮಿನ್. ಅರಿಶಿನ ಪುಡಿಯಲ್ಲಿ ಕರ್ಕ್ಯುಮಿನ್ ಇರುವುದು ಸುಮಾರು ಶೇ. 3ರಷ್ಟು. ಅಂದರೆ 2 ಗ್ರಾಂ ಬೇಕಾದರೆ 65 ಗ್ರಾಂನಷ್ಟು ಪುಡಿ ತಿನ್ನಬೇಕು! ಒಂದು ಟ್ರೇಗೆ ಒಂದು ಚಮಚ ಅರಿಶಿನ ಹಾಕಿದರೆ ಒಂದು ಕ್ಯೂಬಿಗೆ ಬರುವುದು ಮೂರ್ನಾಲ್ಕು ಮಿಲಿಗ್ರಾಂ ಕರ್ಕ್ಯುಮಿನ್. ಅಧ್ಯಯನದ ಪ್ರಮಾಣ ಅದಕ್ಕಿಂತ ನೂರಾರು ಪಟ್ಟು ದೊಡ್ಡದು. ಹಾಗಾಗಿ ಆ "20 ಪಟ್ಟು" ನಮ್ಮ ಟ್ರೇಗೆ ಅನ್ವಯಿಸುವ ಮಾತಲ್ಲ.

ಇನ್ನೊಂದು ಮುಖವೂ ಇದೆ. ದೇಹ ಕರ್ಕ್ಯುಮಿನ್ನನ್ನು ಬೇಗ ಕರಗಿಸಿ ಹೊರಹಾಕುತ್ತದೆ. ಪೈಪರಿನ್ ಆ ಕೆಲಸವನ್ನು ನಿಧಾನ ಮಾಡುತ್ತದೆ. ಹಾಗೆ ನಿಧಾನ ಮಾಡುವಾಗ ನಾವು ನುಂಗಿದ ಕೆಲವು ಮಾತ್ರೆಗಳೂ ದೇಹದಲ್ಲಿ ಹೆಚ್ಚು ಹೊತ್ತು ಉಳಿಯಬಹುದು. ಸಾರಿಗೆ, ಪೊಂಗಲ್ಲಿಗೆ ಹಾಕುವ ನಾಲ್ಕು ಕಾಳಿಗೆ ಹೆದರಬೇಕಿಲ್ಲ. ದಿನಾ ಹಿಡಿಗಟ್ಟಲೆ ಹಾಕಿದರೆ ಮಾತ್ರ ಅದು ಅಡುಗೆಯಲ್ಲ, ಔಷಧಿ. 2020ರಲ್ಲಿ ಕೊರೊನಾ ಬಂದಾಗ ಆಯುಷ್ ಸಚಿವಾಲಯ ಹೇಳಿದ ಕಷಾಯ ನೆನಪಿದೆಯಲ್ಲ? ಅದರಲ್ಲೂ ತುಳಸಿ ನಾಲ್ಕು ಪಾಲು, ಒಣಶುಂಠಿ ಎರಡು, ಚಕ್ಕೆ ಎರಡು. ಮೆಣಸು ಮಾತ್ರ ಒಂದೇ ಪಾಲು. ಆ ಅಳತೆಯನ್ನು ನೋಡಿ ಹಾಕಿದವರು ನಮ್ಮಲ್ಲಿ ಎಷ್ಟು ಜನ?

ನೆಗಡಿ ಬರುವುದೇ ಇಲ್ಲವೇ?

ವಿಟಮಿನ್ ಸಿ ಲೆಕ್ಕವನ್ನೂ ನೋಡಿಬಿಡೋಣ. ನಿಂಬೆ ಮತ್ತು ಕಿತ್ತಳೆ ರಸ ಸೇರಿಸಿದ ಇಡೀ ಟ್ರೇಯಲ್ಲಿ ಇರುವುದು ಸುಮಾರು 160 ಮಿಲಿಗ್ರಾಂ. ಕ್ಯೂಬ್ ಒಂದಕ್ಕೆ ಆರು ಮಿಲಿಗ್ರಾಂ. ಐ.ಸಿ.ಎಂ.ಆರ್. 2020ರಲ್ಲಿ ಹೇಳಿದ ಪ್ರಕಾರ ದಿನಕ್ಕೆ ಹೆಂಗಸರಿಗೆ 65, ಗಂಡಸರಿಗೆ 80 ಮಿಲಿಗ್ರಾಂ ಬೇಕು. ಅದೇ ರಸ್ತೆ ಬದಿಯ ಗಾಡಿಯಲ್ಲಿ ಉಪ್ಪು ಖಾರ ಸವರಿ ಕೊಡುವ ಸೀಬೆಹಣ್ಣು 100 ಗ್ರಾಂ ತಿಂದರೆ 200 ಮಿಲಿಗ್ರಾಂ ಆಸುಪಾಸು ಸಿಗುತ್ತದೆ. ಅಂದರೆ ಇಡೀ ಟ್ರೇಗಿಂತ ಒಂದು ಸೀಬೆಹಣ್ಣು ಮೇಲು!

ಇನ್ನು ನೆಗಡಿ. ವಿಟಮಿನ್ ಸಿ ಬಗ್ಗೆ ನಡೆದ ಹತ್ತಾರು ಅಧ್ಯಯನಗಳನ್ನು ಒಟ್ಟುಗೂಡಿಸಿ ಕೊಕ್ರೇನ್ ಸಂಸ್ಥೆ 2013ರಲ್ಲಿ ವರದಿ ಪ್ರಕಟಿಸಿತು. ದಿನಾ 200 ಮಿಲಿಗ್ರಾಂ ಅಥವಾ ಅದಕ್ಕೂ ಹೆಚ್ಚು ತೆಗೆದುಕೊಂಡ ಸಾಮಾನ್ಯ ಜನರಿಗೂ ನೆಗಡಿ ಬರುವುದು ತಪ್ಪಲಿಲ್ಲ. ಬಂದ ನೆಗಡಿಯ ಅವಧಿ ಮಾತ್ರ ದೊಡ್ಡವರಲ್ಲಿ ಶೇ. 8ರಷ್ಟು ಕಡಿಮೆಯಾಯಿತು. ಏಳು ದಿನದ ನೆಗಡಿಯಲ್ಲಿ ಅರ್ಧ ದಿನ ಉಳಿತಾಯ, ಅಷ್ಟೆ.

ಹಾಗಾದರೆ ಯಾಕೆ ಮಾಡಬೇಕು ಅಂತೀರಾ? ರುಚಿಗೆ. ನಮ್ಮ ಮನೆಯವರು ರಾತ್ರಿ ಶಿಫ್ಟಿನಲ್ಲಿ ಐದು ಸಲ ಟೀ ಕುಡಿಯುತ್ತಿದ್ದರು, ನೀರು ಮುಟ್ಟುತ್ತಿರಲಿಲ್ಲ. ಈಗ ಫ್ಲಾಸ್ಕಿನ ನೀರಿಗೆ ಎರಡು ಕ್ಯೂಬ್ ಹಾಕಿ ಕಳಿಸುತ್ತೇನೆ. ಟೀ ಮೂರಕ್ಕೆ ಇಳಿದಿದೆ, ಬಾಟಲಿ ಖಾಲಿಯಾಗಿ ಬರುತ್ತದೆ. ನಾನು ಕಂಡ ಲಾಭ ಇದೇ.

ಈಗ ಮಾಡುವ ರೀತಿ

ಬೇಕಾಗುವುದು: ಮಧ್ಯಮ ಗಾತ್ರದ 12 ನಿಂಬೆಹಣ್ಣು, 4 ಕಿತ್ತಳೆ ಅಥವಾ ಮೂಸಂಬಿ, 50 ಗ್ರಾಂ ಹಸಿಶುಂಠಿ, ಒಂದು ಚಮಚ ಅರಿಶಿನ, 8–10 ಕಾಳುಮೆಣಸು, ಅರ್ಧ ಇಂಚು ಚಕ್ಕೆ, ಎರಡು ಏಲಕ್ಕಿ, ಚಿಟಿಕೆ ಉಪ್ಪು, ಒಂದು ಲೋಟ ನೀರು. ಬೆಲ್ಲ ನಿಮ್ಮಿಷ್ಟ.

ಶುಂಠಿ ಜಜ್ಜಿ, ಅರಿಶಿನ, ಮೆಣಸು, ಚಕ್ಕೆ, ಏಲಕ್ಕಿ ಎಲ್ಲವನ್ನೂ ನೀರಿಗೆ ಹಾಕಿ ಸಣ್ಣ ಉರಿಯಲ್ಲಿ ಏಳೆಂಟು ನಿಮಿಷ ಕುದಿಸಿ. ಬೆಲ್ಲ ಹಾಕುವುದಾದರೆ ಈಗಲೇ ಹಾಕಿ ಕರಗಿಸಿ. ಇಳಿಸಿ, ಸೋಸಿ, ಪೂರ್ತಿ ಆರಲು ಬಿಡಿ. ಆರಿದ ಮೇಲಷ್ಟೇ ನಿಂಬೆ, ಕಿತ್ತಳೆ ರಸ ಸೇರಿಸಬೇಕು. ಬಿಸಿಗೆ ಹಾಕಿದರೆ ವಿಟಮಿನ್ ಸಿ ಹಾಳಾಗುತ್ತದೆ, ರುಚಿಯೂ ಕೆಡುತ್ತದೆ. ಹಣ್ಣನ್ನು ಕೊನೇ ಹನಿವರೆಗೂ ತಿರುಚಿ ಹಿಂಡಬೇಡಿ. ಸಿಪ್ಪೆಯ ಕಹಿ ಇಳಿಯುತ್ತದೆ. ಬೀಜ ಒಂದೂ ಉಳಿಯಬಾರದು. ಅಲ್ಯೂಮಿನಿಯಂ ಪಾತ್ರೆ ಬೇಡ, ಹುಳಿಗೆ ಸ್ಟೀಲ್ ಅಥವಾ ಗಾಜು ಒಳ್ಳೆಯದು.

ಸುಮಾರು ಅರ್ಧ ಲೀಟರ್ ಆಗುತ್ತದೆ, 25 ಕ್ಯೂಬಿಗೆ ಸಾಕು. ಅರಿಶಿನ ತಳಕ್ಕೆ ಕೂರುವುದರಿಂದ ಕಲಕುತ್ತಾ ಟ್ರೇಗೆ ಹುಯ್ಯಿರಿ. ಗಟ್ಟಿಯಾದ ಮೇಲೆ ಕ್ಯೂಬುಗಳನ್ನು ಜಿಪ್ ಕವರಿಗೆ ಹಾಕಿ, ಗಾಳಿ ತೆಗೆದು, ಮೇಲೆ ತಾರೀಖು ಬರೆಯಿರಿ. ಟ್ರೇಯಲ್ಲೇ ಬಿಟ್ಟರೆ ಫ್ರೀಜರಿನ ಮೀನಿನ ವಾಸನೆಯೋ ಬಟಾಣಿ ವಾಸನೆಯೋ ಹತ್ತುತ್ತದೆ. ಒಂದು ತಿಂಗಳೊಳಗೆ ಮುಗಿಸಿ.

ಅರಿಶಿನ ಕೊಂಬನ್ನೇ ತಂದು ಮಿಲ್ಲಿನಲ್ಲಿ ಬೀಸಿಸಿಕೊಂಡರೆ ವಾಸಿ. ಬಿಡಿ ಪುಡಿಗೆ ಬಣ್ಣ ಬರಲೆಂದು ಲೆಡ್ ಕ್ರೋಮೇಟ್ ಎಂಬ ಸೀಸದ ಬಣ್ಣ ಬೆರೆಸುವುದುಂಟು. ಸಂಕ್ರಾಂತಿ ಆಸುಪಾಸಿನಲ್ಲಿ ಹಸಿ ಅರಿಶಿನ ಸಿಕ್ಕರೆ ಒಂದು ಇಂಚಿನ ತುಂಡು ಸಾಕು.

ಕರೆಂಟ್ ಹೋದರೆ

ನಮ್ಮ ಕಡೆ ರಿಪೇರಿ ಅಂತ ಬೆಳಗ್ಗೆ ಹತ್ತಕ್ಕೆ ಕರೆಂಟ್ ತೆಗೆದರೆ ಸಂಜೆ ಕೊಡುವುದೂ ಉಂಟು. ನಾವು ಮನೆಯಲ್ಲಿ ಇಲ್ಲದಾಗ ಕರಗಿ, ಮತ್ತೆ ಗಟ್ಟಿಯಾಗಿದ್ದರೆ ತಿಳಿಯುವುದು ಹೇಗೆ? ಒಂದು ಸಣ್ಣ ಬಟ್ಟಲಿನಲ್ಲಿ ನೀರು ಹಾಕಿ ಫ್ರೀಜರಿನಲ್ಲಿಟ್ಟು, ಐಸ್ ಆದ ಮೇಲೆ ಅದರ ಮೇಲೊಂದು ರೂಪಾಯಿ ನಾಣ್ಯ ಇಡಿ. ನಾಣ್ಯ ಮೇಲೇ ಇದ್ದರೆ ಸರಿ. ತಳ ಸೇರಿದ್ದರೆ ಎಲ್ಲಾ ಕರಗಿತ್ತು ಅಂತ ಅರ್ಥ; ಆ ಕ್ಯೂಬುಗಳನ್ನು ಚೆಲ್ಲಿಬಿಡಿ. ಫ್ರೀಜರಿನ ಚಳಿಗೆ ಸೂಕ್ಷ್ಮಾಣುಗಳು ಸುಮ್ಮನಿರುತ್ತವೆಯೇ ಹೊರತು ಸಾಯುವುದಿಲ್ಲ.

ಯಾರಿಗೆ ಬೇಡ, ಹೇಗೆ ಬೇಡ

ರಕ್ತ ತೆಳುವಾಗಿಸುವ ಮಾತ್ರೆ, ಫಿಟ್ಸ್ ಮಾತ್ರೆ, ಸಕ್ಕರೆ ಕಾಯಿಲೆಯ ಮಾತ್ರೆ ತೆಗೆದುಕೊಳ್ಳುವವರು ಡಾಕ್ಟರನ್ನು ಕೇಳದೆ ದಿನಾ ಕುಡಿಯುವ ಅಭ್ಯಾಸ ಮಾಡಿಕೊಳ್ಳಬೇಡಿ. ಕಿಡ್ನಿ ಕಲ್ಲು, ಪಿತ್ತಕೋಶದ ಕಲ್ಲು ಇರುವವರು, ಬಸುರಿಯರು ಕೂಡ ಒಂದು ಮಾತು ಕೇಳಿ. ಆಪರೇಷನ್ ದಿನ ಗೊತ್ತಾಗಿದ್ದರೆ ಇದನ್ನೂ ಡಾಕ್ಟರಿಗೆ ಹೇಳಿ. "ಮನೇಲಿ ಮಾಡಿದ್ದು ತಾನೇ, ಅದನ್ನೇನು ಹೇಳೋದು" ಅಂತ ಬಿಡುವುದೇ ನಾವು ಮಾಡುವ ತಪ್ಪು.

ಗ್ಯಾಸ್ಟ್ರಿಕ್, ಎದೆಯುರಿ ಇದ್ದರೆ ಖಾಲಿ ಹೊಟ್ಟೆಗೆ ಬೇಡ. ತಿಂಡಿ ಬಿಟ್ಟು ಶಾಟ್ ಕುಡಿದು ಕ್ಯಾಬ್ ಹತ್ತುವ ಮಕ್ಕಳಿಗೆ ಇದನ್ನು ಒತ್ತಿ ಹೇಳಬೇಕು. ಕ್ಯೂಬನ್ನು ಬಾಯಲ್ಲಿಟ್ಟು ಚೀಪಬೇಡಿ, ನಿಂಬೆಯ ಹುಳಿ ಹಲ್ಲಿನ ಮೇಲ್ಪದರವನ್ನು ತಿನ್ನುತ್ತದೆ. ಒಂದು ಲೋಟ ನೀರಿಗೆ ಒಂದು ಕ್ಯೂಬ್ ಹಾಕಿ ಕುಡಿದು, ಬಾಯಿ ಮುಕ್ಕಳಿಸಿ. ಅರ್ಧ ಗಂಟೆ ಬ್ರಷ್ ಮುಟ್ಟಬೇಡಿ.

ಮಗಳು ಈಗ ಭಾನುವಾರ ಸಂಜೆ ಹೊರಡುವಾಗ ಹತ್ತು ಕ್ಯೂಬನ್ನು ಸ್ಟೀಲ್ ಫ್ಲಾಸ್ಕಿಗೆ ತುಂಬಿಕೊಂಡು ನಾಗಸಂದ್ರದಲ್ಲಿ ಮೆಟ್ರೋ ಹತ್ತುತ್ತಾಳೆ. ಮೆಜೆಸ್ಟಿಕ್‌ನಲ್ಲಿ ಬದಲಿಸಿ ವೈಟ್‌ಫೀಲ್ಡ್ ತಲುಪುವವರೆಗೂ ಗಟ್ಟಿಯಾಗೇ ಇರುತ್ತವೆ. ಪಿ.ಜಿ. ಫ್ರಿಜ್ಜಿನಲ್ಲಿ ಅವಳ ಹೆಸರು ಬರೆದ ಡಬ್ಬಿ ಇದೆ.

ಅತ್ತೆಗೆ ಕ್ಯೂಬ್ ಇಲ್ಲ. ಡಾಕ್ಟರನ್ನು ಕೇಳಿ ಬರೀ ನಿಂಬೆ ಶರಬತ್ತು ಮಾಡಿಕೊಡುತ್ತೇನೆ. ಈ ರಾಮನವಮಿಗೆ ಪಾನಕ ಮಾಡಬಹುದಾ ಅಂತಲೂ ಕೇಳಿಕೊಂಡು ಬಂದೆವು. "ಹಬ್ಬಕ್ಕೆ ಒಂದು ಲೋಟ, ಪರವಾಗಿಲ್ಲ" ಅಂದರು. ಅತ್ತೆ ತಾವೇ ಬೆಲ್ಲ ಕರಗಿಸಿ, ಶುಂಠಿ ತುರಿದು, ಮೆಣಸಿನ ಡಬ್ಬಿ ತೆಗೆದರು. ನಾನು ಪಕ್ಕದಲ್ಲೇ ನಿಂತಿದ್ದೆ.

"ಯಾಕೆ ಹಾಗೆ ನೋಡ್ತೀಯಾ? ಇಡೀ ಪಾತ್ರೆಗೆ ನಾಲ್ಕೇ ಕಾಳು. ನಮ್ಮಮ್ಮ ಹಾಕ್ತಿದ್ದಿದ್ದೂ ಅಷ್ಟೇ" ಅಂದರು ಅತ್ತೆ.